ಇಂಟರ್‌ಕೂಲರ್ ತುಂಬ ಆಯಿಲ್, ಕ್ಯಾಚ್ ಕ್ಯಾನ್ ಖಾಲಿ

ನನ್ನ ಕಾರಿನ ಇಂಟರ್‌ಕೂಲರ್, ಅಂದರೆ ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನ ತಣಿಸುವ ಭಾಗ, ಅದರ ಕೆಳಗಿನ ಪೈಪ್ ಬಿಚ್ಚಿದಾಗ ಮೊದಲು ಬಿದ್ದದ್ದು ಒಂದೆರಡು ಹನಿ. ಸ್ವಲ್ಪ ಓರೆ ಮಾಡಿದೆ ನೋಡಿ, ಸೌಟಿನಿಂದ ಸುರಿದ ಹಾಗೆ ಕಪ್ಪು ಆಯಿಲ್ ಇಳಿಯಿತು. ಕೆಳಗೆ ಹಳೇ ಐಸ್‌ಕ್ರೀಮ್ ಡಬ್ಬಿ ಇಟ್ಟು ಹಿಡಿದು, ಮಗಳ ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದೆ. ಸುಮಾರು 70 ಎಂಎಲ್. ಆ ಮುಚ್ಚಳ ಮತ್ತೆ ಮನೆಯೊಳಗೆ ಹೋಗಲಿಲ್ಲ, ಅದಕ್ಕೆ ಬೈಗುಳವೂ ಆಯಿತು.

ಗಾಡಿ 1.2 ಲೀಟರಿನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿನೊಳಗೆ). ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಸ್ಟೇಜ್ 1 ಮ್ಯಾಪ್ (ಶಕ್ತಿ ಹೆಚ್ಚಲಿ ಅಂತ ಇಂಜಿನ್ ಕಂಪ್ಯೂಟರಿಗೆ ಹಾಕುವ ಬೇರೆ ಸಾಫ್ಟ್‌ವೇರ್), ಕೋನ್ ಫಿಲ್ಟರ್, ಮುಂದೆ ದೊಡ್ಡ ಇಂಟರ್‌ಕೂಲರ್, ಸಿಲಿಕೋನ್ ಹೋಸ್, ಕೊನೆಗೆ ಒಂದು ಭಾನುವಾರ ನಾನೇ ಕೂರಿಸಿದ ಆಯಿಲ್ ಕ್ಯಾಚ್ ಕ್ಯಾನ್, ಅಂದರೆ ಇಂಜಿನ್ ಹೊರಬಿಡುವ ಗ್ಯಾಸಿನಲ್ಲಿರುವ ಆಯಿಲ್ ಹಿಡಿಯುವ ಡಬ್ಬಿ. ಅದಾಗಿ ನಾಲ್ಕು ತಿಂಗಳಿಗೆ ಶುರುವಾಯಿತು ನೋಡಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತು ಹೊರಟರೆ ಹಿಂದೆ ನೀಲಿ ಹೊಗೆ, ಅಂದರೆ ಆಯಿಲ್ ಉರಿಯುತ್ತಿದೆ. ಶಿರಾಡಿ ಘಾಟಿ ಹತ್ತುವಾಗ ಎಳೆತ ಮೊದಲಿನಂತೆ ಇಲ್ಲ. ಓಬಿಡಿ ಲಾಗ್ (ಗಾಡಿಯ ಕಂಪ್ಯೂಟರಿನ ದಾಖಲೆ) ತೆಗೆದರೆ, ನಾಕ್ ಆಗುತ್ತಿದೆ, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತಿದೆ ಅಂತ ಕಂಪ್ಯೂಟರ್ ಕಿಡಿಯ ಟೈಮಿಂಗ್ ಹಿಂದೆ ಎಳೆದಿದೆ. ಗಾಳಿ ಜೊತೆ ಆಯಿಲ್ ಒಳಗೆ ಹೋದರೆ ಪೆಟ್ರೋಲಿನ ಆಕ್ಟೇನ್, ಅಂದರೆ ನಾಕ್ ತಡೆಯುವ ಶಕ್ತಿ, ಕಮ್ಮಿಯಾದ ಹಾಗೆಯೇ. 

ಒಂದು ಗ್ಯಾರೇಜಿಗೆ ತೋರಿಸಿದೆ. ಟರ್ಬೊದಿಂದ ಹೊರಡುವ ಪೈಪ್ ಬಿಚ್ಚಿ, ಬೆರಳು ಒರೆಸಿ ನನ್ನ ಮುಖದ ಮುಂದೆ ಹಿಡಿದರು. "ಟರ್ಬೊ ಹೋಗಿದೆ ಸಾರ್. ಸೀಲ್ ಲೀಕು. ಬದಲಾಯಿಸಿಬಿಡಿ." ಲೆಕ್ಕ 85 ಸಾವಿರ. ಎರಡು ನಿಮಿಷದ ಪರೀಕ್ಷೆಗೆ 85 ಸಾವಿರ ಅಂದರೆ ಯಾರಿಗಾದರೂ ಒಂದು ಸಲ ಯೋಚನೆ ಬರುತ್ತದೆ ಅಲ್ವಾ. ನಾನು ಗಾಡಿ ವಾಪಸ್ ತಂದು ಮನೆ ಮುಂದೆ ನಿಲ್ಲಿಸಿದೆ.

ಮೊದಲು ಟರ್ಬೊ ಕಡೆಯೇ ನೋಡಿದೆ. ಗಾಳಿ ಒಳಗೆ ಬರುವ ಪೈಪ್ ತೆಗೆದು ಶಾಫ್ಟ್ ತುದಿ ಹಿಡಿದು ಅಲ್ಲಾಡಿಸಿದೆ. ಪಕ್ಕಕ್ಕೆ ಒಂಚೂರು ಆಡಿತು, ಅದು ಇರಲೇಬೇಕು, ಆಯಿಲ್ ಪದರ ಕೂರುವ ಜಾಗ ಅದು. ಹಿಂದೆ ಮುಂದೆ ಎಳೆದರೆ ಕೈಗೆ ಏನೂ ಗೊತ್ತಾಗಲಿಲ್ಲ. ಬ್ಲೇಡಿನ ತುದಿ ಗೋಡೆಗೆ ಉಜ್ಜಿದ ಗುರುತು ಇಲ್ಲ. ಹಾಳಾದ ಟರ್ಬೊ ಹೀಗಿರುವುದಿಲ್ಲ.

ಆದರೆ ಇನ್ನೊಂದು ಕಂಡಿತು. ಟರ್ಬೊಗೆ ಮುಂಚಿನ ಪೈಪೂ ಒದ್ದೆ. ಫಿಲ್ಟರ್ ಕಡೆ ಒಣಗಿದೆ, ಕ್ಯಾಚ್ ಕ್ಯಾನ್‌ನಿಂದ ವಾಪಸ್ ಬರುವ ಹೋಸ್ ಸೇರುವ ಜಾಗದಿಂದ ಮುಂದಕ್ಕೆ ಜಿಡ್ಡು. ಅಲ್ಲಿ ಆಯಿಲ್ ಇರಬೇಕಾದರೆ ಅದು ಟರ್ಬೊಗಿಂತ ಮೊದಲೇ ಗಾಳಿಯಲ್ಲಿ ಸೇರಿರಬೇಕು. ಕ್ಯಾಚ್ ಕ್ಯಾನ್ ಬಿಚ್ಚಿದೆ. ನಾಲ್ಕು ತಿಂಗಳಿಗೆ ಒಳಗಿದ್ದದ್ದು ಎರಡು ಚಮಚ. ಆಯಿಲ್ ಹಿಡಿಯಲಿ ಅಂತ ಹಾಕಿದ ಡಬ್ಬಿ ಖಾಲಿ, ಹಿಡಿಯಬಾರದ ಇಂಟರ್‌ಕೂಲರ್‌ನಲ್ಲಿ 70 ಎಂಎಲ್. ಅಲ್ಲಿಂದ ನನಗೆ ಅನುಮಾನ ನನ್ನ ಕೆಲಸದ ಮೇಲೆಯೇ ತಿರುಗಿತು.

ಇದರ ಹಿಂದಿನ ವಿಷಯ ಸ್ವಲ್ಪ ಹೇಳಬೇಕು. ಎಷ್ಟೇ ಒಳ್ಳೆಯ ಇಂಜಿನ್ ಆದರೂ ಪಿಸ್ಟನ್ ರಿಂಗ್ ದಾಟಿ ಒಂದಿಷ್ಟು ಗ್ಯಾಸ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ (ಇಂಜಿನ್ನಿನ ಕೆಳಹೊಟ್ಟೆಗೆ) ಇಳಿಯುತ್ತದೆ. ಬ್ಲೋ ಬೈ ಅನ್ನುತ್ತಾರೆ. ಬೂಸ್ಟ್, ಅಂದರೆ ಟರ್ಬೊ ಗಾಳಿಯನ್ನ ಒತ್ತುವ ಒತ್ತಡ, ಜಾಸ್ತಿ ಮಾಡಿದರೆ ಇದೂ ಜಾಸ್ತಿ. ಇದು ಆಯಿಲ್ ಹನಿಗಳನ್ನ ಹೊತ್ತುಕೊಂಡು ಹೊರಗೆ ಹೋಗಬೇಕು. 1960ಕ್ಕೆ ಮುಂಚಿನ ಕಾರುಗಳಲ್ಲಿ ಒಂದು ಪೈಪ್ ಇಟ್ಟು ರಸ್ತೆಗೇ ಬಿಡುತ್ತಿದ್ದರು. ಈಗ ಹಾಗೆ ಬಿಡುವಂತಿಲ್ಲ, ಇಂಟೇಕಿಗೇ (ಇಂಜಿನ್ ಗಾಳಿ ಎಳೆಯುವ ದಾರಿಗೇ) ವಾಪಸ್ ಕೊಡಬೇಕು. ಟರ್ಬೊ ಗಾಡಿಯಲ್ಲಿ ಇದಕ್ಕೆ ಎರಡು ದಾರಿ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗದ, ಎಳೆತ ಪಿಸಿವಿ ಅನ್ನುವ ಒಮ್ಮುಖ ವಾಲ್ವ್ ಮೂಲಕ ಗ್ಯಾಸನ್ನ ಹೀರಿಕೊಳ್ಳುತ್ತದೆ. ಬೂಸ್ಟ್ ಬಂದಾಗ ಮ್ಯಾನಿಫೋಲ್ಡಿನಲ್ಲಿ ಒತ್ತಡ ಇರುತ್ತದೆ, ಆಗ ಆ ವಾಲ್ವ್ ಮುಚ್ಚಿಕೊಂಡು, ಗ್ಯಾಸ್ ಬ್ರೀದರ್ ಹೋಸ್ ಹಿಡಿದು ಟರ್ಬೊಗೆ ಮುಂಚಿನ ಪೈಪಿಗೆ ಹೋಗುತ್ತದೆ. ನಾನು ಕ್ಯಾಚ್ ಕ್ಯಾನ್ ಕೂರಿಸಿದ್ದು ಈ ಎರಡನೇ ದಾರಿಯ ಮಧ್ಯೆ.

ಟರ್ಬೊ ಯಾಕೆ ಇದರಲ್ಲಿ ಸಿಕ್ಕಿಬೀಳುತ್ತದೆ ಅಂದರೆ, ಅದಕ್ಕೆ ಆಯಿಲ್ ಬರುವುದು ಪ್ರೆಶರ್‌ನಲ್ಲಿ, ವಾಪಸ್ ಇಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಹೋಗುವುದು ಸುಮ್ನೆ ಕೆಳಗೆ ಇಳಿದು. ಮೋರಿ ಕಟ್ಟಿಕೊಂಡರೆ ಬಚ್ಚಲು ತುಂಬಲ್ವಾ, ಹಾಗೆ. ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಏರಿದರೆ ಆಯಿಲ್ ಇಳಿಯುವುದಿಲ್ಲ, ಟರ್ಬೊದ ಹೊಟ್ಟೆಯಲ್ಲಿ ನಿಂತು ಸೀಲ್ ದಾಟಿ ಬರುತ್ತದೆ. ಆ ಸೀಲೂ ರಬ್ಬರಿನದಲ್ಲ, ಪಿಸ್ಟನ್ ರಿಂಗ್ ತರಹದ ಸಣ್ಣ ಲೋಹದ ಬಳೆ. ನಿಂತ ಆಯಿಲ್ ತಡೆಯುವ ಶಕ್ತಿ ಅದಕ್ಕಿಲ್ಲ. ಇಂಥ ಗಾಡಿಗೆ ಹೊಸ ಟರ್ಬೊ ಹಾಕಿದರೂ ಅದೂ ಸೋರುತ್ತದೆ.

ಪಿಸ್ಟನ್ ರಿಂಗ್ ಹೋಗಿದೆಯಾ ಅಂತ ಕಂಪ್ರೆಷನ್ (ಪ್ರತಿ ಸಿಲಿಂಡರಿನಲ್ಲಿ ಏಳುವ ಒತ್ತಡ) ನೋಡಿದೆ: 178, 175, 180, 172 ಪಿಎಸ್‌ಐ. ಒಂದಕ್ಕೊಂದು ಹತ್ತಿರ ಇದೆ, ಆ ಚಿಂತೆ ಬಿಟ್ಟೆ.

ಆಮೇಲೆ ಎಲ್ಲ ಪೈಪುಗಳನ್ನೂ ಇಂಟರ್‌ಕೂಲರನ್ನೂ ಬ್ರೇಕ್ ಕ್ಲೀನರ್ ಹಾಕಿ ತೊಳೆದು, ಒಂದು ರಾತ್ರಿ ಪೂರ್ತಿ ಒಣಗಿಸಿದೆ. ಇದನ್ನ ಬಿಡಬೇಡಿ, ಹಳೇ ಜಿಡ್ಡು ಇದ್ದರೆ ಹೊಸದು ಎಲ್ಲಿಂದ ಬಂತು ಅಂತ ಯಾವ ಜನ್ಮಕ್ಕೂ ಗೊತ್ತಾಗಲ್ಲ. ಬ್ರೀದರ್ ಹೋಸನ್ನ ಕ್ಯಾನ್‌ನಿಂದ ಬಿಡಿಸಿ, ದಪ್ಪ ಹೋಸ್ ಹಾಕಿ ಒಂದು ಪ್ಲಾಸ್ಟಿಕ್ ಬಾಟಲಿಗೆ ಬಿಟ್ಟೆ, ಇಂಟೇಕ್ ಕಡೆಯ ತೂತು ಮುಚ್ಚಿದೆ. ನನ್ನ ಗಾಡಿಯಲ್ಲಿ ಇರುವುದು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಎಂಎಪಿ ಸೆನ್ಸರ್. ಒಳಗೆ ಹೋಗುವ ಗಾಳಿಯನ್ನೇ ಅಳೆಯುವ ಎಂಎಎಫ್ ಸೆನ್ಸರ್ ಇರುವ ಗಾಡಿಯಲ್ಲಿ ಹೀಗೆ ಮಾಡಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಐಡಲ್ ಕೆಡುತ್ತದೆ. ಪರೀಕ್ಷೆಗೆ ಮಾತ್ರ ಇದು, ಹೀಗೇ ಓಡಿಸುವುದಕ್ಕಲ್ಲ. 150 ಕಿಮೀ ಓಡಿಸಿ ಬಿಚ್ಚಿದೆ. ಟರ್ಬೊಗೆ ಮುಂಚೆ ಒಣ. ಟರ್ಬೊ ಆದಮೇಲೆ ಬಿಳಿ ಬಟ್ಟೆಗೆ ಸಣ್ಣ ಕಂದು ಕಲೆ, ಅಷ್ಟೇ. ಹೋದ ಟರ್ಬೊ ಒಂದೇ ವಾರಕ್ಕೆ ತಾನಾಗೇ ರಿಪೇರಿ ಆಗಲ್ಲ ಅಲ್ವಾ.

ಕ್ರ್ಯಾಂಕ್‌ಕೇಸಿನ ಒತ್ತಡ ಎಷ್ಟು ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು. ಗಾರೆ ಕೆಲಸದವರು ನೀರು ತುಂಬಿ ಲೆವೆಲ್ ನೋಡುವ ಪಾರದರ್ಶಕ ಟ್ಯೂಬ್ ಇದೆಯಲ್ಲ, ಅದನ್ನ ಐದು ಮೀಟರ್ ತಂದೆ. ಒಂದು ಹಲಗೆಗೆ ಅದನ್ನ ಯು ಆಕಾರದಲ್ಲಿ ಕಟ್ಟಿ, ಪಕ್ಕದಲ್ಲಿ ಟೇಪ್ ಅಂಟಿಸಿ, ನೀರಿಗೆ ಒಂದು ಚಿಟಿಕೆ ಕುಂಕುಮ ಹಾಕಿದೆ, ಮಟ್ಟ ಚೆನ್ನಾಗಿ ಕಾಣಲಿ ಅಂತ. ಜೆ.ಸಿ. ರಸ್ತೆಯಲ್ಲಿ ಹಳೇ ಆಯಿಲ್ ಮುಚ್ಚಳ ಒಂದು ಸಿಕ್ಕಿತು, ಅದಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿ ಟ್ಯೂಬ್ ಸಿಕ್ಕಿಸಿದೆ. ಡಿಪ್‌ಸ್ಟಿಕ್ ಪೈಪಿಗೂ ಹಾಕಬಹುದು, ಆದರೆ ಕೆಲವು ಇಂಜಿನ್‌ನಲ್ಲಿ ಅದರ ತುದಿ ಆಯಿಲ್‌ನಲ್ಲೇ ಮುಳುಗಿರುತ್ತದೆ, ಅಲ್ಲಿ ಅಳತೆ ಸುಳ್ಳು ಹೇಳುತ್ತದೆ. ಟ್ಯೂಬನ್ನ ಬಾನೆಟ್ ಸಂದಿಯಿಂದ ಕಿಟಕಿ ಮೂಲಕ ಒಳಗೆ ತಂದು, ಹಲಗೆಯನ್ನ ಗೆಳೆಯನ ತೊಡೆ ಮೇಲೆ ನಿಲ್ಲಿಸಿದೆ.

ಬೆಳಿಗ್ಗೆ ಆರಕ್ಕೆ ನೆಲಮಂಗಲ ದಾಟಿ ಕುಣಿಗಲ್ ರಸ್ತೆ. ಕ್ಯಾನ್ ಮೊದಲಿನ ಹಾಗೇ ಜೋಡಿಸಿದ್ದೆ. ಐಡಲ್‌ನಲ್ಲಿ ನೀರು ಇಂಜಿನ್ ಕಡೆಗೆ ಮೂರು ಸೆಂ.ಮೀ. ಏರಿ ನಿಂತಿತ್ತು, ಅಂದರೆ ಸಣ್ಣ ಎಳೆತ, ಸರಿ. ಮೂರನೇ ಗೇರಿನಲ್ಲಿ 40ರಿಂದ ಪೂರ್ತಿ ಒತ್ತಿದೆ. "ಲೋ ಮಗಾ, ಬಿಡೋ, ನೀರು ಮೇಲೆ ಬರ್ತಿದೆ!" ಎರಡು ಮಟ್ಟದ ನಡುವೆ 26 ಸೆಂ.ಮೀ. ಅವನ ಪ್ಯಾಂಟಿಗೂ ಕುಂಕುಮ ಬಿತ್ತು, ಪರೀಕ್ಷೆ ನಡೆಯಿತು ಅನ್ನುವುದಕ್ಕೆ ಅದೇ ಸಾಕ್ಷಿ. 70 ಸೆಂ.ಮೀ. ನೀರು ಅಂದರೆ ಸುಮಾರು 1 ಪಿಎಸ್‌ಐ, ಆ ಲೆಕ್ಕಕ್ಕೆ ಇದು 0.37. ಕೇಳಿದರೆ ಏನೂ ಅನ್ನಿಸಲ್ಲ, ಆದರೆ ಸುಮ್ನೆ ಇಳಿದು ಹೋಗಬೇಕಾದ ಆಯಿಲ್‌ಗೆ ಅಷ್ಟು ಸಾಕು. ಅದೇ ರಸ್ತೆಯಲ್ಲಿ ಕ್ಯಾನ್ ಬಿಡಿಸಿ ಬಾಟಲಿಗೆ ಬಿಟ್ಟು ನೋಡಿದರೆ 4 ಸೆಂ.ಮೀ.

ತಪ್ಪು ನನ್ನದೇ. ಕಂಪನಿಯ ಬ್ರೀದರ್ ಹೋಸಿನ ಒಳ ಅಳತೆ 19 ಎಂಎಂ, ನಾನು ತರಿಸಿದ ಕ್ಯಾನ್ ಜೊತೆ ಬಂದದ್ದು 10 ಎಂಎಂ. ಗಾಳಿ ಹೋಗುವ ಜಾಗ ಮೂರರಲ್ಲೊಂದು ಪಾಲೂ ಇಲ್ಲ. ಸಾಲದು ಅಂತ ಬ್ಯಾಟರಿ ಪಕ್ಕ ಸುತ್ತಿಸಿದ್ದ ಆ ಹೋಸ್ ಬಿಸಿಗೆ ಮೆತ್ತಗಾಗಿ ಒಂದು ಕಡೆ ಚಪ್ಪಟೆಯಾಗಿತ್ತು. ಕ್ಯಾನ್ ಒಳಗೆ ತಡೆಗೋಡೆಯೂ ಇಲ್ಲ, ಬರೀ ಡಬ್ಬಿ. ಒಂದು ತೂತಿನಿಂದ ಬಂದ ಆಯಿಲ್ ಮಂಜು ಇನ್ನೊಂದರಿಂದ ನೇರ ಆಚೆ. ಹೊರಗೆ ಮಾತ್ರ ಭಾರಿ ಹೊಳಪು, ಅದನ್ನ ನೋಡಿಯೇ ತರಿಸಿದ್ದೆ.

19 ಎಂಎಂ ಹೋಸ್, ಒಳಗೆ ತಡೆ ಮತ್ತು ಜಾಲರಿ ಇರುವ ಬೇರೆ ಕ್ಯಾನ್ ಹಾಕಿದೆ. ಮುಗಿಯಿತು ಅಂದುಕೊಂಡು ಅಳೆದರೆ 11 ಸೆಂ.ಮೀ. ಇತ್ತು. 26ರಿಂದ ಇಳಿದಿದೆ, ಆದರೆ ಇನ್ನೂ ಜಾಸ್ತಿ. ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಪಿಸಿವಿ ವಾಲ್ವ್ ಬಿಚ್ಚಿ, ಮ್ಯಾನಿಫೋಲ್ಡ್ ಕಡೆಯಿಂದ ಬಾಯಲ್ಲಿ ಊದಿದೆ. ಪೂರ್ತಿ ತಡೆಯಬೇಕು. ನನ್ನದು ಪೀಪಿ ಊದಿದ ಹಾಗೆ ಸಣ್ಣಗೆ ಶಬ್ದ ಮಾಡಿತು. ಬೂಸ್ಟ್ ಅಲ್ಲಿಂದ ನೇರ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತಿತ್ತು. ಬಾಟಲಿ ಪರೀಕ್ಷೆಯಲ್ಲಿ ದಾರಿ ಅಗಲ ಇದ್ದದ್ದರಿಂದ ಅದು ಕಾಣಲಿಲ್ಲ. ಕಂಪನಿ ಬೂಸ್ಟಿನಲ್ಲಿ ಇನ್ನೊಂದಿಷ್ಟು ದಿನ ತಡೆಯುತ್ತಿತ್ತೇನೋ, ಮ್ಯಾಪ್ ಆದಮೇಲೆ ತಡೆಯಲಿಲ್ಲ. ಹೊಸ ವಾಲ್ವ್ ಹಾಕಿದಮೇಲೆ 5 ಸೆಂ.ಮೀ.

ಈಗ 3,000 ಕಿಮೀ ಆಗಿದೆ. ನೀಲಿ ಹೊಗೆ ಇಲ್ಲ, ಇಂಟರ್‌ಕೂಲರ್ ಪೈಪಿನಲ್ಲಿ ಬೆರಳಿಗೆ ಹತ್ತುವಷ್ಟು ಪಸೆ ಇದೆ, ಟರ್ಬೊ ಗಾಡಿಗೆ ಅದು ಮಾಮೂಲಿ. ಕ್ಯಾನ್‌ನಲ್ಲಿ ಸುಮಾರು 60 ಎಂಎಲ್ ಸಿಕ್ಕಿತು. ಡಿಸೆಂಬರಿನ ಚಳಿಯಲ್ಲಿ ಬರೀ ಆಫೀಸಿಗೆ ಓಡಿಸಿದ ತಿಂಗಳು ಅದು ಗಟ್ಟಿ ಮಜ್ಜಿಗೆಯ ಹಾಗೆ ಬೂದು ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್ ಹೋಯಿತಾ ಅಂತ ಎದೆ ಧಸಕ್ಕೆಂದಿತು. ಕೂಲಂಟ್ ಮಟ್ಟ ಒಂದು ಗೆರೆಯೂ ಇಳಿದಿರಲಿಲ್ಲ, ಬರೀ ತೇವ ಆಯಿಲ್ ಜೊತೆ ಕಡೆದದ್ದು. ಸಿಲಿಕೋನ್ ಹೋಸ್ ಮಾತ್ರ ಆಯಿಲ್ ಕುಡಿದು ಹೊರಗೂ ಬೆವರುತ್ತಿದೆ, ಒಳಗೆ ಫ್ಲೋರೋ ಪದರ ಇರುವುದು ತರಬೇಕು. ಇಂಟೇಕ್ ವಾಲ್ವ್ ಮೇಲೆ ಕೂತ ಮಸಿಯೂ ಬಾಕಿ ಇದೆ, ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಅದನ್ನ ತೊಳೆಯುವುದಿಲ್ಲವಲ್ಲ. ಕುಂಕುಮದ ನೀರಿನ ಹಲಗೆಯನ್ನ ಗೆಳೆಯ ತಗೊಂಡು ಹೋಗಿದ್ದಾನೆ, ಅವನ ಡೀಸೆಲ್ ಗಾಡಿಗೂ ಯಾರೋ ಟರ್ಬೊ ಹೋಗಿದೆ ಅಂದಿದ್ದಾರಂತೆ.