ಮಾಸ್ತರರ ಕೈಲಿ ಚೀಟಿ ಬರೆಸಿದ್ದು: ನನ್ನ ಅನುಭವ

“ಸರ, ಬ್ಯಾಸಗ್ಯಾಗ ಭೂಮಿ ಸೂರ್ಯಗ ಸಮೀಪ ಹೋಗ್ತದ, ಅದಕ್ಕೇ ಕಲಬುರಗಿ ಹಿಂಗ ಸುಡ್ತದ.” ಇದನ್ನು ನನಗೆ ಹೇಳಿದವರಿಗೆ ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿತ್ತು. ವಿಜ್ಞಾನವೇ ಅವರ ವಿಷಯ. ಅಂದರೆ ಇಪ್ಪತ್ತೆರಡು ಬ್ಯಾಚಿನ ಮಕ್ಕಳು ಇದನ್ನೇ ಕಲಿತು ಹೋಗಿದ್ದಾರೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾನು ಚಿತ್ತಾಪುರದ ಕಡೆ ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಶಿಕ್ಷಕರಿಗೆ ಮಾರ್ಗದರ್ಶನ ಮಾಡುವವನು. ದೊಡ್ಡವರನ್ನು ತಿದ್ದೋಕೆ ಹೋಗಬೇಡಿ, ಅವರು ಬದಲಾಗಲ್ಲ, ಸುಮ್ನೆ ಸಂಬಂಧ ಕೆಡುತ್ತೆ ಅಂತ ಬೇರೆ ಕ್ಲಸ್ಟರಿನ ಗೆಳೆಯರೆಲ್ಲ ಹೇಳಿದ್ದರು. ಮೂರು ವರ್ಷ ಆಯ್ತು. ಈಗ ಅವರೇ ಫೋನ್ ಮಾಡಿ “ಹ್ಯಾಂಗ ಮಾಡಿದ್ರಿ” ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಸೋತೆ. ಕ್ಲಸ್ಟರಿನ ಶಿಕ್ಷಕರ ಸಮಾಲೋಚನಾ ಸಭೆಗೆ ಪ್ರೊಜೆಕ್ಟರ್ ಬಾಡಿಗೆ ತಂದೆ, ಎಂಟು ನೂರು ರೂಪಾಯಿ ನನ್ನ ಜೇಬಿನಿಂದ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ದೂರ ಇರುವುದು ಜುಲೈ ಮೊದಲ ವಾರದಲ್ಲಿ, 15.2 ಕೋಟಿ. ಇದನ್ನೆಲ್ಲ ಚಿತ್ರದ ಸಮೇತ ತೋರಿಸಿದೆ. ಎಲ್ಲರೂ ತಲೆ ಆಡಿಸಿದರು. ಚಹಾ ಆದಮೇಲೆ ಒಬ್ಬ ಹಿರಿಯರು ಎಲ್ಲರ ಮುಂದೆ “ನಮಗ ಕಲಸಾಕ ಬಂದೀರೇನು?” ಅಂದು ಎದ್ದು ಹೋದರು. ಎರಡು ವಾರ ಬಿಟ್ಟು ಅವರ ಶಾಲೆಗೆ ಭೇಟಿಗೆ ಹೋದರೆ ಕಪ್ಪು ಹಲಗೆಯ ಮೇಲೆ ಮೊಟ್ಟೆ ಆಕಾರದ ಕಕ್ಷೆ, ಹತ್ತಿರದ ತುದಿಯಲ್ಲಿ ‘ಬೇಸಿಗೆ’ ಅಂತ ಬರೆದಿತ್ತು. ಪ್ರೊಜೆಕ್ಟರ್ ಬಿಲ್ ಆಫೀಸಿಗೆ ಕೊಟ್ಟೆ, ಅದೂ ಮಂಜೂರಾಗದೆ ವಾಪಸ್ ಬಂತು.

ಸೋಲಿಗೆ ಕಾರಣ ಗೊತ್ತಾಗಿದ್ದು ನನ್ನದೇ ತಪ್ಪು ನನಗೆ ಗೊತ್ತಾದಾಗ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಬಾಟಲಿ ಬೋರಲು ಹಾಕಿದರೆ ನೀರು ಏರುತ್ತೆ. ಆಮ್ಲಜನಕ ಖರ್ಚಾಯ್ತು, ಅದು ಗಾಳಿಯ ಐದನೇ ಒಂದು ಭಾಗ, ಅದಕ್ಕೇ ನೀರು ಅಷ್ಟೇ ಏರಿತು ಅಂತ ನಾನು ಹನ್ನೊಂದು ವರ್ಷ ಹೇಳಿದ್ದೇನೆ, ಪ್ರಯೋಗ ಮಾಡಿ ತೋರಿಸಿ ಹೇಳಿದ್ದೇನೆ. ಒಂದು ದಿನ ಮಗಳು ಒಂದರ ಬದಲು ಮೂರು ಬತ್ತಿ ಇಟ್ಟಳು. ನೀರು ಎರಡು ಪಟ್ಟಿಗಿಂತ ಜಾಸ್ತಿ ಏರಿತು. ಬಾಟಲಿ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ, ಅಲ್ವಾ? ಆ ಕ್ಷಣ ಯಾರಾದರೂ ನನಗೆ “ನೀವು ತಪ್ಪು” ಅಂದಿದ್ದರೆ ಜಗಳ ಆಡುತ್ತಿದ್ದೆ. ಯಾರೂ ಅನ್ನಲಿಲ್ಲ, ನೀರೇ ಹೇಳಿತು, ಅದಕ್ಕೇ ಒಪ್ಪಿದೆ.

ಅಲ್ಲಿಂದ ಹುಟ್ಟಿದ್ದು ಚೀಟಿ. ಪ್ರಯೋಗ ಮಾಡುವ ಮೊದಲು ಏನಾಗುತ್ತೆ, ಯಾಕಾಗುತ್ತೆ ಅಂತ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಮಡಚಿ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಹೆಸರು ಬೇಡ. ನಾನು ಕೇಳುವುದಿಲ್ಲ, ಓದುವುದೂ ಇಲ್ಲ. ಪ್ರಯೋಗ ಅವರೇ ಮಾಡಬೇಕು, ನಾನು ಕೈ ಹಾಕುವುದಿಲ್ಲ. ಚೀಟಿ ಬರೆಯದಿದ್ದರೆ “ನಾನೂ ಹಂಗೇ ಅನಕೊಂಡಿದ್ದೆ” ಅಂತ ಆಮೇಲೆ ಎಲ್ಲರೂ ಹೇಳಿಬಿಡುತ್ತಾರೆ. ಜೇಬಿನಲ್ಲಿ ಚೀಟಿ ಇದ್ದರೆ ತನಗೆ ತಾನೇ ಹಾಗೆ ಹೇಳಿಕೊಳ್ಳಲು ಆಗುವುದಿಲ್ಲ.

ಮೇಣದಬತ್ತಿ ಸುಲಭ ಅಂದುಕೊಳ್ಳಬೇಡಿ. ಮೊದಲ ಸಭೆಯಲ್ಲಿ ನಾಲ್ಕು ಬಾಟಲಿಯಲ್ಲಿ ಎರಡು ಸೀಳಿದವು. ತೆಳು ಗಾಜು ಬೇಡ, ಉಪ್ಪಿನಕಾಯಿಯ ದಪ್ಪ ಬಾಟಲಿ ತನ್ನಿ. ನೀರು ಕಡಿಮೆಯಾದರೆ ಅಂಚಿನಿಂದ ಗಾಳಿ ನುಗ್ಗುತ್ತೆ, ಜಾಸ್ತಿಯಾದರೆ ಬತ್ತಿಯೇ ತೇಲುತ್ತೆ. ಫ್ಯಾನ್ ಆಫ್ ಮಾಡಲೇಬೇಕು, ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಫ್ಯಾನ್ ಆಫ್ ಮಾಡಿ ಮೂವತ್ತು ಜನರನ್ನು ಕೂರಿಸುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು. ಬಾಟಲಿ ಇಳಿಸುವಾಗ ಅಂಚಿನಲ್ಲಿ ಗುಳ್ಳೆ ಬರುತ್ತೆ, ಅದನ್ನು ನೋಡಲು ಹೇಳಿ. ಬಿಸಿಯಾಗಿ ಹಿಗ್ಗಿದ ಗಾಳಿ ಹೊರಗೆ ಹೋಗುತ್ತಿರುವುದು ಅದೇ. ನೀರು ಜೋರಾಗಿ ಏರುವುದು ಬತ್ತಿ ಆರಿದ ಮೇಲೆ, ಒಳಗಿನ ಗಾಳಿ ತಣಿಯುವಾಗ. ಬತ್ತಿ ಆರಿದಾಗಲೂ ಒಳಗೆ ಆಮ್ಲಜನಕ ಸಾಕಷ್ಟು ಉಳಿದಿರುತ್ತೆ. ಬಾಟಲಿ ಇಳಿಸುವುದರಲ್ಲಿ ಒಂದು ಕೈಚಳಕ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ಸಲ ಮಾಡಿ, ನಿಮಗೇ ಸಿಗುತ್ತೆ.

ಎದ್ದು ಹೋಗಿದ್ದ ಆ ಹಿರಿಯರು ಎರಡನೇ ವರ್ಷ ಬಂದರು. ಮೂರು ಬತ್ತಿ ನೋಡಿದರೂ ಒಪ್ಪಲಿಲ್ಲ, “ಮೂರು ಬತ್ತಿ ಜಾಸ್ತಿ ಆಮ್ಲಜನಕ ತಿಂತಾವ” ಅಂದರು. ವಾದ ಮಾಡಲಿಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ನೀರು ಚೆಲ್ಲಿ, ಬತ್ತಿಯೇ ಇಲ್ಲದೆ ತಟ್ಟೆಯಲ್ಲಿ ಬೋರಲು ಹಾಕಿ ಅಂತ ಅವರ ಕೈಗೇ ಕೊಟ್ಟೆ. ನಿಧಾನವಾಗಿ ನೀರು ಏರಿತು. ಬೆಂಕಿ ಇಲ್ಲ, ಹೊಗೆ ಇಲ್ಲ. ಅವರು ಮತ್ತೆ ಮಾಡಿದರು, ಮೂರನೇ ಸಲವೂ ಮಾಡಿದರು. ಆಮೇಲೆ ಜೇಬಿನಿಂದ ಚೀಟಿ ತೆಗೆದು ತಾವೇ ಎಲ್ಲರಿಗೂ ಓದಿದರು. ನನಗೆ ಗಂಟಲು ಕಟ್ಟಿತು. ಮುಂದಿನ ಸಭೆಯಲ್ಲಿ ಈ ಪ್ರಯೋಗವನ್ನು ಬೇರೆಯವರಿಗೆ ಮಾಡಿಸಿದ್ದು ಅವರೇ.

ಚಂದ್ರನಿಗೆ ಒಂದು ನಿಂಬೆಹಣ್ಣು ಸಾಕು, ಐದು ರೂಪಾಯಿ. ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣವನಾಗುತ್ತಾನೆ ಅಂತ ಚೀಟಿಯಲ್ಲಿ ಬರೆದವರು ಮೂವತ್ತನಾಲ್ಕರಲ್ಲಿ ಇಪ್ಪತ್ತರ ಮೇಲೆ ಅಂತ ಆಮೇಲೆ ಅವರೇ ಕೈ ಎತ್ತಿ ಹೇಳಿದರು. ಕ್ಯಾಲೆಂಡರ್ ನೋಡಿ ಹುಣ್ಣಿಮೆ ಆದಮೇಲಿನ ಅಷ್ಟಮಿ ಹುಡುಕಿ. ಅವತ್ತು ಬೆಳಿಗ್ಗೆ ಎಂಟರ ಹೊತ್ತಿಗೆ ಪಡುವಣದ ಕಡೆ ಅರ್ಧ ಚಂದ್ರ ಕಾಣುತ್ತಾನೆ. ಪ್ರಾರ್ಥನೆ ಆಗುವ ಮೊದಲೇ ಎಲ್ಲರನ್ನೂ ಅಂಗಳಕ್ಕೆ ಕರೆದು, ನಿಂಬೆಹಣ್ಣನ್ನು ಚಂದ್ರನ ಪಕ್ಕಕ್ಕೆ ಹಿಡಿಯಲು ಹೇಳಿ. ಹಣ್ಣಿನ ಯಾವ ಅರ್ಧ ಬೆಳಗಿದೆಯೋ ಚಂದ್ರನದ್ದೂ ಅದೇ ಅರ್ಧ. ಸೂರ್ಯ ಮೂಡಣದಲ್ಲಿ, ಚಂದ್ರ ಅಲ್ಲಿ, ಹಾಗಾದರೆ ಭೂಮಿಯ ನೆರಳು ಎಲ್ಲಿ? ಸೂರ್ಯನಿಗೆ ನೇರ ಎದುರು, ನಮ್ಮ ಕಾಲ ಕೆಳಗೆ ಆ ಕಡೆ, ಚಂದ್ರ ಇರುವಲ್ಲಿ ಅಲ್ಲ. ಒಬ್ಬ ಮೇಡಂ ಹತ್ತು ನಿಮಿಷ ಕೈ ಇಳಿಸಲೇ ಇಲ್ಲ.

ಇನ್ನು ಬೇಸಿಗೆ. ಇಲ್ಲಿ ಕೆಲಸ ಮಾಡಿದ್ದು ಕ್ರಿಕೆಟ್. ಡಿಸೆಂಬರ್ 26ಕ್ಕೆ ಮೆಲ್ಬರ್ನ್ ಟೆಸ್ಟ್ ಎಲ್ಲರೂ ನೋಡುತ್ತಾರೆ. ಅಲ್ಲಿ ಜನ ಬಿಸಿಲಿಗೆ ಟೋಪಿ ಹಾಕಿ ಕೂತಿರುತ್ತಾರೆ, ಇಲ್ಲಿ ನಾವು ಬೆಳಿಗ್ಗೆ ಚಾದರ ಹೊದ್ದು ಅದನ್ನು ನೋಡುತ್ತೇವೆ. ಸೂರ್ಯ ಹತ್ತಿರ ಬಂದರೆ ಇಬ್ಬರಿಗೂ ಹತ್ತಿರ ಬರಬೇಕಲ್ಲ! ಈ ಒಂದು ಪ್ರಶ್ನೆಗೆ ಸಭೆ ಸುಮ್ಮನಾಯಿತು.

ಶೂನ್ಯ ನೆರಳಿನ ದಿನಕ್ಕೆ, ಅಂದರೆ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬಂದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಕಾಣದ ದಿನಕ್ಕೆ, ಮಾತ್ರ ತುಂಬ ಪಾಡು ಪಟ್ಟೆ. ಕಲಬುರಗಿಗೆ ಅದು ವರ್ಷಕ್ಕೆ ಎರಡು ಸಲ, ಮೇ 9ರ ಆಸುಪಾಸು ಮತ್ತೆ ಆಗಸ್ಟ್ ಮೊದಲ ವಾರ. ಮೇನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಆಗಸ್ಟ್‌ನಲ್ಲಿ ಎರಡು ವರ್ಷ ಕಾದು ಎರಡು ವರ್ಷವೂ ಸೂರ್ಯ ಕಾಣಲಿಲ್ಲ. ಕೊನೆಗೆ ಮೇನಲ್ಲಿ ಐದು ಜನರನ್ನು ನನ್ನ ಮನೆಯ ಮಾಳಿಗೆಗೇ ಕರೆದೆ, ಪೆಟ್ರೋಲಿಗೆ ನಾನೇ ದುಡ್ಡು ಕೊಟ್ಟೆ, ಮಜ್ಜಿಗೆ, ಊಟ ಎಲ್ಲ ಸೇರಿ ಒಂದು ಸಾವಿರ ದಾಟಿತು. ಶಹಾಬಾದ್ ಕಲ್ಲಿನ ಚಪ್ಪಡಿ ಮಟ್ಟ ಮಾಡಿ ಮೇಲೆ ಪೈಪಿನ ತುಂಡು ನಿಲ್ಲಿಸಿದ್ದೆ. ಸರಿಯಾಗಿ 12 ಗಂಟೆ 19 ನಿಮಿಷಕ್ಕೆ ನೆರಳು ಪೈಪಿನ ಅಡಿಗೆ ಸೇರಿಕೊಂಡಿತು. ಡಿಸೆಂಬರ್‌ನಲ್ಲಿ ಅದೇ ಪೈಪಿನ ಮಧ್ಯಾಹ್ನದ ನೆರಳು ಎಷ್ಟು ಉದ್ದ ಇತ್ತು ಅಂತ ಸೀಮೆಸುಣ್ಣದ ಗೆರೆ ಅಲ್ಲೇ ಇತ್ತು. ಬಿಸಿಲು ನೆತ್ತಿಗೆ ನೇರ ಬೀಳುವುದು, ಓರೆಯಾಗಿ ಬೀಳುವುದು, ಹಗಲು ಉದ್ದ ಆಗುವುದು, ಬೇಸಿಗೆ-ಚಳಿಗೆ ಕಾರಣ ಇವೇ ಅಂತ ನಾನು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ಗ್ರಹಣದ್ದು ಇನ್ನೂ ಅರ್ಧ ಆಗಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ವಾಸಿಯಾಗುತ್ತೆ ಅಂತ ನಂಬಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದ ಫೋಟೋ ನೋಡಿದಾಗಿನಿಂದ ಇದು ನನ್ನ ತಲೆಯಲ್ಲಿ ಕೂತಿದೆ. 2022ರ ಅಕ್ಟೋಬರ್ 25ರ ಗ್ರಹಣಕ್ಕೆ ನಾಲ್ಕು ಬಟ್ಟಲು ಅನ್ನ ಇಟ್ಟೆವು, ಎರಡಕ್ಕೆ ದರ್ಭೆ ಹಾಕಿ, ಎರಡಕ್ಕೆ ಹಾಕದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಒಂದೇ ರೀತಿ ಹಳಸಿದವು. ಗ್ರಹಣ ಇಲ್ಲದ ದಿನ ಇಟ್ಟ ಅನ್ನವೂ ಹಾಗೇ ಹಳಸಿತು. ಆದರೆ ಒಬ್ಬರು “ದರ್ಭೆ ಹಳೇದಿತ್ತು ಸರ” ಅಂದರು. ಸರಿ, ಮುಂದಿನ ಸಲ ಹೊಸ ದರ್ಭೆ ಅವರೇ ತರುತ್ತಾರೆ, ಚೀಟಿ ಬರೆಸಿಕೊಂಡಿದ್ದೇನೆ.

ಎಲ್ಲ ಸೇರಿ ಮೂರು ವರ್ಷಕ್ಕೆ ನಾಲ್ಕೂವರೆ ಸಾವಿರ ಖರ್ಚಾಗಿರಬಹುದು. ಮೂವತ್ತನಾಲ್ಕು ಜನರಲ್ಲಿ ಇಪ್ಪತ್ತೈದು ಜನರಾದರೂ ತಮ್ಮ ತರಗತಿಯಲ್ಲಿ ಈಗ ಚೀಟಿ ಬರೆಸುತ್ತಾರೆ. ಹಲಗೆಯ ಮೇಲಿನ ಆ ಮೊಟ್ಟೆ ಕಕ್ಷೆ ಹೋದ ಸಲ ನಾನು ಹೋದಾಗ ಇರಲಿಲ್ಲ. ಅದರ ಜಾಗದಲ್ಲಿ ಮಕ್ಕಳು ಅಂಗಳದ ಕೋಲಿನ ನೆರಳನ್ನು ತಿಂಗಳಿಗೊಮ್ಮೆ ಅಳೆದು ಬರೆದಿದ್ದರು, ಜೂನ್‌ನಿಂದ ನವೆಂಬರ್‌ವರೆಗೆ. ಡಿಸೆಂಬರ್ ಎದುರಿಗೆ ಜಾಗ ಖಾಲಿ ಬಿಟ್ಟಿದ್ದರು.