ವಿಜ್ಞಾನ, ಗಣಿತದ ತರಗತಿಯಲ್ಲಿ ಕಿರು ವಿಡಿಯೋ: ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು

ನಾಲ್ಕು ನಿಮಿಷದ ವಿಡಿಯೋ ತೋರಿಸುವುದಿದ್ದರೆ ತರಗತಿಯಲ್ಲಿ ಇಪ್ಪತ್ತು ನಿಮಿಷ ತೆಗೆದಿಡಿ. ನಾಲ್ಕೇ ನಿಮಿಷಕ್ಕೆ ಮುಗಿಯಿತೆಂದರೆ ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡಿ ಎದ್ದಿದ್ದಾರೆ ಎಂದೇ ತಿಳಿಯಬೇಕು. ಕಲಿಕೆ ನಡೆಯುವುದು ವಿಡಿಯೋ ನಿಂತಿರುವ ಹೊತ್ತಿನಲ್ಲಿ. ಮುಂದೇನಾಗುತ್ತದೆ ಎಂದು ಮಗು ಊಹಿಸಬೇಕು, ಪಕ್ಕದವರ ಜೊತೆ ವಾದಿಸಬೇಕು, ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಆಮೇಲೆ ವಿಡಿಯೋ ಓಡಿದಾಗ ಅದರ ಕಣ್ಣು ಉತ್ತರ ಹುಡುಕುತ್ತಿರುತ್ತದೆ.

ಈ ಮಾತಿಗೆ ಆಧಾರವಿದೆ. ಯೂಟ್ಯೂಬ್‌ನ ವಿಜ್ಞಾನ ವಾಹಿನಿ ವೆರಿಟಾಸಿಯಂ ಕಟ್ಟಿದ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧ ಭೌತಶಾಸ್ತ್ರದ ವಿಡಿಯೋಗಳ ಕುರಿತದ್ದೇ. ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೋ ನೋಡಿದವರು "ಚೆನ್ನಾಗಿ ಅರ್ಥವಾಯಿತು" ಎಂದರು, ಆದರೆ ಪರೀಕ್ಷೆಯಲ್ಲಿ ಹೆಚ್ಚೇನೂ ಮೇಲೇರಲಿಲ್ಲ. ಸಾಮಾನ್ಯವಾದ ತಪ್ಪು ಕಲ್ಪನೆಯನ್ನು ಮೊದಲು ಎತ್ತಿ, ಆಮೇಲೆ ಅದನ್ನು ಬಿಡಿಸುವ ವಿಡಿಯೋ ನೋಡಿದವರು "ಗೊಂದಲವಾಯಿತು" ಎಂದರು, ಆದರೆ ಹೆಚ್ಚು ಅಂಕ ಪಡೆದರು. ಆದ್ದರಿಂದ ವಿಡಿಯೋ ಮುಗಿದ ಮೇಲೆ "ಅರ್ಥವಾಯಿತಾ?" ಎಂದು ಕೇಳುವುದರಲ್ಲಿ ಪ್ರಯೋಜನವಿಲ್ಲ. ಎಲ್ಲರೂ ಹೂಂ ಎನ್ನುತ್ತಾರೆ.

ಉದ್ದದ ಬಗ್ಗೆ ಒಂದು ಮಾತು. ಎಡ್‌ಎಕ್ಸ್‌ನ ಆನ್‌ಲೈನ್ ಕೋರ್ಸ್‌ಗಳಲ್ಲಿ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೋ ಎಷ್ಟೇ ಉದ್ದವಿರಲಿ, ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ. ಅವರು ತಾವಾಗಿಯೇ ಕಲಿಯಲು ಬಂದ ದೊಡ್ಡವರು. ಎಂಟನೇ ತರಗತಿಗೆ ಒಂದರಿಂದ ನಾಲ್ಕು ನಿಮಿಷ ಸಾಕು. ಹದಿನೈದು ನಿಮಿಷದ ಒಳ್ಳೆಯ ವಿಡಿಯೋ ಸಿಕ್ಕಿದರೆ ಬೇಕಾದ ತೊಂಬತ್ತು ಸೆಕೆಂಡನ್ನಷ್ಟೇ ತೋರಿಸಿ. ಪೂರ್ತಿ ತೋರಿಸಲೇಬೇಕೆಂಬ ಹಟ ಬೇಡ.

ಆರಿಸುವಾಗ

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಅನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಲೂ ಬರುತ್ತದೆ. ಗಣಿತಕ್ಕೆ ಖಾನ್ ಅಕಾಡೆಮಿಯ ಕನ್ನಡ ವಿಡಿಯೋಗಳಿವೆ. ಅರವಿಂದ ಗುಪ್ತಾ ಅವರ ಕಸದಿಂದ ರಸದ ಆಟಿಕೆಗಳ ವಿಡಿಯೋಗಳಲ್ಲಿ ಹಲವು ಒಂದೆರಡು ನಿಮಿಷದವು, ಕೈ ಮಾಡುವ ಕೆಲಸ ನೋಡಿದರೇ ಅರ್ಥವಾಗುತ್ತವೆ.

ಎಲ್ಲಿಂದಲೇ ತೆಗೆದುಕೊಳ್ಳಿ, ಮೂರು ಸಲ ನೋಡಿ. ಮೊದಲ ಸಲ ಸುಮ್ಮನೆ. ಎರಡನೇ ಸಲ ಶಬ್ದ ಬಂದ್ ಮಾಡಿ: ಚಿತ್ರವೊಂದೇ ಏನನ್ನಾದರೂ ತೋರಿಸುತ್ತದೆಯೇ? ಬರೀ ಅಕ್ಷರ ಮತ್ತು ಮಾತನಾಡುವ ಮುಖವಿದ್ದರೆ ಆ ವಿಡಿಯೋ ಬಿಡಿ, ಅಷ್ಟನ್ನು ನೀವೇ ಹೇಳಬಲ್ಲಿರಿ. ಮೂರನೇ ಸಲ ನಿಲ್ಲಿಸುವ ಜಾಗಗಳನ್ನು ನಿಮಿಷ, ಸೆಕೆಂಡು ಸಮೇತ ಚೀಟಿಯಲ್ಲಿ ಬರೆದುಕೊಳ್ಳಿ, ಪ್ರತಿ ಜಾಗದ ಎದುರು ಒಂದು ಪ್ರಶ್ನೆ. ನಾಲ್ಕು ನಿಮಿಷಕ್ಕೆ ಎರಡು ಅಥವಾ ಮೂರು ನಿಲುಗಡೆ ಸಾಕು. ಅದಕ್ಕಿಂತ ಹೆಚ್ಚಾದರೆ ಎಳೆ ಹರಿದುಹೋಗುತ್ತದೆ.

ಒಳ್ಳೆಯ ದೃಶ್ಯವಿದ್ದು ಭಾಷೆ ಇಂಗ್ಲಿಷೋ ಹಿಂದಿಯೋ ಆಗಿದ್ದರೆ ಶಬ್ದ ತೆಗೆದು ನೀವೇ ಕನ್ನಡದಲ್ಲಿ ಹೇಳುತ್ತ ಹೋಗಿ. ಆಗ ವೇಗವೂ ನಿಮ್ಮ ಕೈಯಲ್ಲಿರುತ್ತದೆ. ಪದಗಳು ಮಾತ್ರ ಮಕ್ಕಳ ಪುಸ್ತಕದವೇ ಇರಲಿ: ಪುಸ್ತಕದಲ್ಲಿ ವೇಗೋತ್ಕರ್ಷ ಎಂದಿದ್ದು ನೀವು ಆ್ಯಕ್ಸಿಲರೇಷನ್ ಎಂದಷ್ಟೇ ಹೇಳಿದರೆ, ಎರಡೂ ಒಂದೇ ಎಂದು ಮಗುವಿಗೆ ಯಾರು ಹೇಳಬೇಕು? ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ.

ಮೇಣದಬತ್ತಿಯ ವಿಡಿಯೋ

ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಇಂಥ ವಿಡಿಯೋಗಳು ರಾಶಿ ಇವೆ. "ಆಮ್ಲಜನಕ ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು, ಗಾಳಿಯ ಐದನೇ ಒಂದು ಭಾಗ ಆಮ್ಲಜನಕ ಎಂದು ಇದರಿಂದ ಸಾಬೀತಾಯಿತು" ಎಂದು ಅವುಗಳಲ್ಲಿ ಎಷ್ಟೋ ಹೇಳುತ್ತವೆ. ಈ ವಿವರಣೆ ತಪ್ಪು. ಅದಕ್ಕೇ ಈ ವಿಡಿಯೋ ಪಾಠಕ್ಕೆ ಬಹಳ ಒಳ್ಳೆಯದು.

ಶಬ್ದವಿಲ್ಲದೆ ತೋರಿಸಿ. ಲೋಟ ಬತ್ತಿಯ ಮೇಲೆ ಬರುವ ಮುನ್ನ ನಿಲ್ಲಿಸಿ ಎರಡು ಪ್ರಶ್ನೆ ಕೇಳಿ: ನೀರಿಗೆ ಏನಾಗುತ್ತದೆ? ಆಗುವುದಾದರೆ ಬತ್ತಿ ಉರಿಯುತ್ತಿರುವಾಗಲೋ, ಆರಿದ ಮೇಲೋ? ಉತ್ತರ ಬರೆಸಿ, ಕೈ ಎತ್ತಿಸಿ, ಎಣಿಸಿ ಬೋರ್ಡಿನ ಮೇಲೆ ಹಾಕಿ. ಎರಡನೇ ಪ್ರಶ್ನೆಯನ್ನು ಬಿಡಲೇಬೇಡಿ, ಪಾಠವೆಲ್ಲ ಅದರಲ್ಲೇ ಇದೆ. ಈಗ ಕಾಲು ವೇಗದಲ್ಲಿ ಓಡಿಸಿ. ಲೋಟ ಇಟ್ಟ ಹೊಸತರಲ್ಲಿ ಅಂಚಿನಿಂದ ಗುಳ್ಳೆಗಳು ಹೊರಬರುವುದು ಕಾಣಬಹುದು. ಉರಿಯುವಷ್ಟು ಹೊತ್ತು ನೀರು ಹೆಚ್ಚು ಅಲುಗುವುದಿಲ್ಲ. ಜ್ವಾಲೆ ಕುಗ್ಗಿ ಆರುತ್ತಿದ್ದಂತೆ ನೀರು ಸರಸರನೆ ಮೇಲೇರುತ್ತದೆ. ಅಲ್ಲಿ ನಿಲ್ಲಿಸಿ ಕೇಳಿ: ಆಮ್ಲಜನಕ ಖರ್ಚಾದದ್ದೇ ಕಾರಣವಾಗಿದ್ದರೆ ನೀರು ಯಾವಾಗ ಏರಬೇಕಿತ್ತು?

ನಡೆಯುವುದು ಇಷ್ಟು. ಜ್ವಾಲೆಯ ಶಾಖಕ್ಕೆ ಲೋಟದ ಗಾಳಿ ಹಿಗ್ಗಿ ಸ್ವಲ್ಪ ಹೊರಹೋಗುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರುತ್ತದೆ, ಖರ್ಚಾದ ಆಮ್ಲಜನಕದ ಬದಲಿಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟಿರುತ್ತವೆ.

ಆಮೇಲೆ ಮಕ್ಕಳೇ ಮಾಡಲಿ. ಅಂಚಿರುವ ತಟ್ಟೆ, ಒಂದು ಸೆಂ.ಮೀ. ಆಳದ ನೀರು, ಅದಕ್ಕೆ ಎರಡು ಹನಿ ಶಾಯಿ, ಒಂದೇ ಎತ್ತರದ ಮೂರು ಸಣ್ಣ ಮೇಣದಬತ್ತಿ, ಎತ್ತರದ ಗಾಜಿನ ಲೋಟ. ಜ್ವಾಲೆಯ ತುದಿಗೂ ಲೋಟದ ತಳಕ್ಕೂ ನಾಲ್ಕೈದು ಸೆಂ.ಮೀ. ಅಂತರ ಇರಲಿ, ಇಲ್ಲದಿದ್ದರೆ ಗಾಜು ಬಿರಿಯಬಹುದು. ಕಡ್ಡಿ ಗೀರುವುದು ಶಿಕ್ಷಕರೇ. ಮೊದಲು ಒಂದು ಬತ್ತಿ, ಆಮೇಲೆ ಅದೇ ಲೋಟದಲ್ಲಿ ಮೂರು. ಮೂರು ಬತ್ತಿಗೆ ನೀರು ಹೆಚ್ಚು ಎತ್ತರ ಏರುತ್ತದೆ. ಲೋಟ ಅದೇ, ಅದರಲ್ಲಿರುವ ಆಮ್ಲಜನಕವೂ ಅಷ್ಟೇ. ಹಾಗಾದರೆ ಹೆಚ್ಚಾದದ್ದು ಏನು? ಉತ್ತರ ಮಕ್ಕಳ ಬಾಯಿಂದಲೇ ಬರುವವರೆಗೆ ಕಾಯಿರಿ.

ಗಣಿತದಲ್ಲಿ ಒಂದು

ವೃತ್ತದ ವಿಸ್ತೀರ್ಣ ತೋರಿಸುವ ಅನಿಮೇಷನ್‌ಗಳಲ್ಲಿ ವೃತ್ತವನ್ನು ತ್ರಿಜ್ಯಾಂತರ ಖಂಡಗಳಾಗಿ, ಅಂದರೆ ಪಿಜ್ಜಾ ತುಂಡುಗಳಂತೆ ಕತ್ತರಿಸಿ, ಒಂದು ಮೇಲೆ ಒಂದು ಕೆಳಗೆ ಹಲ್ಲಿನಂತೆ ಜೋಡಿಸುತ್ತಾರೆ. ಎಲ್ಲ ಎಷ್ಟು ನುಣುಪಾಗಿ ಸರಿಯುತ್ತದೆಂದರೆ ನಡುವೆ ಏನಾಯಿತು ಎಂಬುದೇ ಕಣ್ಣಿಗೆ ಬೀಳುವುದಿಲ್ಲ. ತುಂಡುಗಳು ಜೋಡಿಯಾದ ಕ್ಷಣದಲ್ಲಿ ನಿಲ್ಲಿಸಿ, ಸೂತ್ರ ಪರದೆಗೆ ಬರುವ ಮೊದಲು. ತ್ರಿಜ್ಯ 7 ಸೆಂ.ಮೀ. ಆದರೆ ಈ ಆಕೃತಿಯ ತಳ ಎಷ್ಟು? ಬಹಳ ಮಕ್ಕಳು 44 ಎನ್ನುತ್ತಾರೆ, ಪರಿಧಿ ಪೂರ್ತಿ ಕೆಳಗೇ ಇದೆ ಎಂದುಕೊಂಡು. ಅರ್ಧ ಮೇಲಿದೆ, ಅರ್ಧ ಕೆಳಗಿದೆ. ತಳ 22, ಎತ್ತರ 7, ವಿಸ್ತೀರ್ಣ 154 ಚದರ ಸೆಂ.ಮೀ. ಎರಡು ಬಣ್ಣದ ಕಾಗದವಿದ್ದರೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ವೃತ್ತದ ಅರ್ಧ ಕೆಂಪು, ಅರ್ಧ ಹಳದಿ, 16 ತುಂಡು. ಜೋಡಿಸಿದರೆ ಕೆಳಗೆಲ್ಲ ಕೆಂಪು, ಮೇಲೆಲ್ಲ ಹಳದಿ. ಎಂಟೇ ತುಂಡು ಮಾಡಿದರೆ ಅಂಚು ಉಬ್ಬುಬ್ಬಾಗಿ ಕಂಡು "ಇದು ಆಯತ ಅಲ್ಲ" ಎಂದು ಯಾರಾದರೂ ಹೇಳುತ್ತಾರೆ. ಆ ಮಗುವನ್ನು ಮೆಚ್ಚಿ, 32 ತುಂಡು ಮಾಡಿದರೆ ಏನಾಗುತ್ತದೆ ಎಂದು ಕೇಳಿ.

ನೀವೇ ತೆಗೆಯುವ ವಿಡಿಯೋ

ಕೆಲವಕ್ಕೆ ಹತ್ತು ಸೆಕೆಂಡಿನ ನಿಮ್ಮದೇ ವಿಡಿಯೋ ಎಲ್ಲಕ್ಕಿಂತ ಮೇಲು. ಗೋಡೆಯ ಮೇಲೆ ಒಂದು ಗೆರೆ ಎಳೆದು, ಅಲ್ಲಿಂದ ಕೆಳಕ್ಕೆ ಹತ್ತತ್ತು ಸೆಂ.ಮೀ.ಗೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಮೀಟರ್‌ವರೆಗೆ. ಫೋನನ್ನು ಎರಡು ಮೀಟರ್ ದೂರದಲ್ಲಿ, ಗುರುತುಗಳ ನಡುಮಟ್ಟದ ಎತ್ತರದಲ್ಲಿ ಅಲುಗದಂತೆ ಇಡಿ. ಗೋಡೆಗೆ ತಾಗುವಷ್ಟು ಹತ್ತಿರ ಚೆಂಡು ಹಿಡಿದು ಬಿಡಿ. ಸೆಕೆಂಡಿಗೆ 30 ಫ್ರೇಮ್‌ನಲ್ಲಿ (ಫ್ರೇಮ್ ಎಂದರೆ ವಿಡಿಯೋದ ಒಂದು ಬಿಡಿ ಚಿತ್ರ) ತೆಗೆದರೆ ಮೂರು ಫ್ರೇಮ್‌ಗೆ 0.1 ಸೆಕೆಂಡು. ವಿಎಲ್‌ಸಿ ಪ್ಲೇಯರ್‌ನಲ್ಲಿ "ಇ" ಕೀಲಿ ಒತ್ತಿದಂತೆಲ್ಲ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಯೂಟ್ಯೂಬ್‌ನಲ್ಲಾದರೆ ನಿಲ್ಲಿಸಿದ ಮೇಲೆ ಪೂರ್ಣವಿರಾಮದ ಕೀಲಿ.

3, 6, 9, 12ನೇ ಫ್ರೇಮ್‌ಗಳಲ್ಲಿ ಚೆಂಡು ಸುಮಾರು 5, 20, 44, 78 ಸೆಂ.ಮೀ. ಇಳಿದಿರುತ್ತದೆ. 1, 4, 9, 16ರ ಅನುಪಾತ ಗೋಡೆಯ ಮೇಲೆಯೇ ಕಾಣುತ್ತದೆ. ಎಡವುವುದು ಶುರುವಿನಲ್ಲಿ. ಚೆಂಡು ಕೈಬಿಟ್ಟ ಫ್ರೇಮ್ ಯಾವುದೆಂದು ಗುರುತಿಸುವಾಗ ಒಂದು ಫ್ರೇಮ್ ಹೆಚ್ಚುಕಡಿಮೆಯಾದರೂ ಮೊದಲ ಅಳತೆ 5ರ ಬದಲು 2 ಅಥವಾ 9 ಬರುತ್ತದೆ, ಅನುಪಾತವೆಲ್ಲ ಕೆಡುತ್ತದೆ. ಇದಕ್ಕೆ ಸೊಗಸಾದ ದಾರಿಯಿದೆ: ಮೂರು ಫ್ರೇಮ್‌ಗೊಮ್ಮೆ ಚೆಂಡು ಕ್ರಮಿಸಿದ ದೂರ ಬರೆದು, ಆ ದೂರಗಳು ಎಷ್ಟೆಷ್ಟು ಹೆಚ್ಚಿದವು ಎಂದು ನೋಡಿ. ಚೆಂಡು ಬೀಳಲು ತೊಡಗಿದ ಮೇಲೆ ಯಾವ ಫ್ರೇಮ್‌ನಿಂದ ಎಣಿಸಿದರೂ ಹೆಚ್ಚಳ ಪ್ರತಿ ಸಲ 9.8 ಸೆಂ.ಮೀ. ಹತ್ತಿರವೇ ಬರುತ್ತದೆ. ಗುರುತ್ವ ವೇಗೋತ್ಕರ್ಷದ 9.8 ಎಂಬ ಅಂಕಿ ಪುಸ್ತಕದಿಂದ ಇಳಿದು ಮಕ್ಕಳ ಅಳತೆಪಟ್ಟಿಯ ಮೇಲೆ ಕೂರುವುದು ಆಗಲೇ.

ಕೋಣೆಯೊಳಗೆ ಮಂದ ಬೆಳಕಿನಲ್ಲಿ ತೆಗೆದರೆ ಚೆಂಡು ಬಾಲವಿರುವ ಗೆರೆಯಂತೆ ಮಸುಕಾಗುತ್ತದೆ, ಕೆಲವು ಫೋನ್‌ಗಳು ತಾವಾಗಿಯೇ ಫ್ರೇಮ್ ಸಂಖ್ಯೆಯನ್ನೂ ಇಳಿಸುತ್ತವೆ. ಹೊರಗೆ ಬಿಸಿಲಿನಲ್ಲಿ ತೆಗೆಯಿರಿ. ಸ್ಲೋ ಮೋಷನ್‌ನಲ್ಲಿ ತೆಗೆದರೆ ಫ್ರೇಮ್ ಲೆಕ್ಕ ಬೇರೆ, 120 ಅಥವಾ 240. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೋ ಎಂದು ಕಳಿಸಿದರೆ ಕುಗ್ಗಿ ಹಾಳಾಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಲೆಕ್ಕ ಬಿಡಿಸುವುದನ್ನು ತೆಗೆಯುವುದಿದ್ದರೆ ಫೋನನ್ನು ಪುಸ್ತಕದ ರಾಶಿಯ ಮೇಲೆ ಅಂಚಿನಿಂದ ಹೊರಚಾಚಿ ಕೆಳಮುಖವಾಗಿಡಿ, ಬೀಳದಂತೆ ಮೇಲೊಂದು ಭಾರ. ಬಲಗೈಯವರಾದರೆ ಕಿಟಕಿ ಎಡಗಡೆ ಇರಲಿ, ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಪೆನ್ ಬೇಡ, ದಪ್ಪ ಸ್ಕೆಚ್ ಪೆನ್. ಪರದೆಯನ್ನು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಇಲ್ಲದಿದ್ದರೆ ಕೈ ಬಂದಾಗಲೆಲ್ಲ ಚಿತ್ರ ಮಸುಕಾಗುತ್ತದೆ. ಏರೋಪ್ಲೇನ್ ಮೋಡ್ ಹಾಕಲು ಮರೆಯಬೇಡಿ. ಹಿನ್ನೆಲೆ ಸಂಗೀತ ಖಂಡಿತ ಬೇಡ: ಮೃದುವಾಗಿದ್ದರೂ ಮಗುವಿನ ಗಮನದ ಒಂದು ಪಾಲನ್ನು ಅದು ತಿನ್ನುತ್ತದೆ.

ತರಗತಿಯ ದಿನ

ಹಿಂದಿನ ದಿನವೇ ಪೆನ್‌ಡ್ರೈವ್‌ಗೆ ಹಾಕಿ ಅದೇ ಟಿವಿಯಲ್ಲಿ ಓಡಿಸಿ ನೋಡಿ. ಶಬ್ದ ಬಂದು ಚಿತ್ರ ಬಾರದಿದ್ದರೆ ಹೆಚ್ಚಾಗಿ ಫೋನ್ ಎಚ್.265 ಮಾದರಿಯಲ್ಲಿ ಉಳಿಸಿರುತ್ತದೆ, ಹಳೆಯ ಟಿವಿಗೆ ಅದು ಗೊತ್ತಿರುವುದಿಲ್ಲ. ಎಚ್.264 ಎಂಪಿ4ಗೆ ಪರಿವರ್ತಿಸಿ. ಕೊನೆಯ ಬೆಂಚಿನಲ್ಲಿ ನೀವೇ ಕೂತು ಅಕ್ಷರ ಓದಿ, ಮಾತು ಕೇಳಿ. 32 ಇಂಚಿನ ಟಿವಿಯಲ್ಲಿ ಐವತ್ತು ಮಕ್ಕಳಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಮುಖ್ಯವಾದ ಅಂಕಿಗಳನ್ನು ಬೋರ್ಡಿನ ಮೇಲೆ ಮೊದಲೇ ದೊಡ್ಡದಾಗಿ ಬರೆದಿಡಿ. ಕರೆಂಟ್ ಹೋದರೂ ಪಾಠ ನಿಲ್ಲಬಾರದು. ಊಹೆ ಬರೆಸಿಯಾಗಿದ್ದರೆ ಮೇಣದಬತ್ತಿ, ತಟ್ಟೆ ತೆಗೆದು ಮೇಜಿನ ಮೇಲೇ ಮುಂದುವರಿಸಬಹುದು.

ಮೂರು ದಿನ ಬಿಟ್ಟು ಅದೇ ವಿಷಯದ ಬೇರೆ ಪ್ರಶ್ನೆಯೊಂದನ್ನು ಕೇಳಿ. ಬಿಸಿ ನೀರಿನಲ್ಲಿ ತೊಳೆದ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತಕ್ಷಣ ಬಿಗಿಯಾಗಿ ಮುಚ್ಚಳ ಹಾಕಿ ಇಟ್ಟರೆ ಸ್ವಲ್ಪ ಹೊತ್ತಿಗೆ ಅದು ಏಕೆ ಒಳಕ್ಕೆ ಕುಸಿಯುತ್ತದೆ? ಇಲ್ಲಿ ಏನೂ ಉರಿದಿಲ್ಲ. ಆದರೂ ಯಾರಾದರೂ ಆಮ್ಲಜನಕದ ಹೆಸರು ಹೇಳಿದರೆ ಮೇಣದಬತ್ತಿಯ ವಿಡಿಯೋವನ್ನು ಮತ್ತೆ ತೆರೆದು, ಜ್ವಾಲೆ ಆರುವ ಆ ಎರಡು ಸೆಕೆಂಡನ್ನು ಇನ್ನೊಮ್ಮೆ ನಿಧಾನವಾಗಿ ತೋರಿಸಿ.