ಟ್ರಾವೆಲ್ ಟ್ರೇಲರ್ ಎಳೆದುಕೊಂಡು ಅಮೆರಿಕ ದಾಟುವುದು ಹೇಗೆ: ದಂಪತಿಗಳಿಗೊಂದು ಬೇಸಿಗೆ ಕೈಪಿಡಿ

ಬೇಸಿಗೆಯಲ್ಲಿ ಅಮೆರಿಕವನ್ನು ಒಂದು ತೀರದಿಂದ ಇನ್ನೊಂದು ತೀರದವರೆಗೆ ಟ್ರೇಲರ್, ಅಂದರೆ ವಾಹನದ ಹಿಂದೆ ಕಟ್ಟುವ ಚಕ್ರದ ಮನೆಯನ್ನು, ಎಳೆದುಕೊಂಡು ದಾಟಬೇಕೆಂದುಕೊಂಡ ಗಂಡ ಹೆಂಡತಿ ಸಾಮಾನ್ಯವಾಗಿ ಮೊದಲು ನಕ್ಷೆಯನ್ನು ಹರಡಿಕೊಂಡು ಕೂರುತ್ತಾರೆ. ನಕ್ಷೆಯ ಸರದಿ ಬರಬೇಕಾದದ್ದು ಕೊನೆಯಲ್ಲಿ. ನಿಮ್ಮ ವಾಹನ ಎಷ್ಟು ಭಾರವನ್ನು ನೆಮ್ಮದಿಯಾಗಿ ಎಳೆಯಬಲ್ಲದು ಮತ್ತು ದಿನಕ್ಕೆ ಎಷ್ಟು ಮೈಲಿ ಸಾಗಿದರೆ ಸಂಜೆ ಇಬ್ಬರಿಗೂ ಮಾತನಾಡುವಷ್ಟು ಚೈತನ್ಯ ಉಳಿದಿರುತ್ತದೆ ಎಂಬೆರಡು ವಿಷಯಗಳು ಇತ್ಯರ್ಥವಾದರೆ, ಯಾವ ಊರು, ಯಾವ ಉದ್ಯಾನ, ಯಾವ ಹೆದ್ದಾರಿ ಎಂಬುದನ್ನು ತೀರ್ಮಾನಿಸುವುದು ಕಷ್ಟವಲ್ಲ.

ಭಾರದ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗಿರುವ ಎಳೆಯುವ ಸಾಮರ್ಥ್ಯವನ್ನು ನೋಡಿ ಅವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ನಿಜವಾದ ಮಿತಿ ಇರುವುದು ಚಾಲಕನ ಬಾಗಿಲು ತೆರೆದಾಗ ಚೌಕಟ್ಟಿನ ಮೇಲೆ ಕಾಣುವ ಹಳದಿ ಬಿಳಿ ಚೀಟಿಯಲ್ಲಿ. ಪ್ರಯಾಣಿಕರು ಮತ್ತು ಸಾಮಾನು ಸೇರಿ ಆ ವಾಹನ ಹೊರಬಹುದಾದ ಗರಿಷ್ಠ ತೂಕ, ಅಂದರೆ ಪೇಲೋಡ್, ಎಷ್ಟೆಂದು ಅಲ್ಲಿ ಬರೆದಿರುತ್ತದೆ. ಟ್ರೇಲರಿನ ಮೂತಿ, ಅದನ್ನು ವಾಹನಕ್ಕೆ ಜೋಡಿಸುವ ಕೊಂಡಿಯಾದ ಹಿಚ್ಚಿನ ಮೇಲೆ ಒತ್ತುವ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಅದಿರಬೇಕು, ಮತ್ತು ಅದೆಲ್ಲವೂ ಪೇಲೋಡಿನ ಲೆಕ್ಕಕ್ಕೇ ಸೇರುತ್ತದೆ. ತುಂಬಿದ ಟ್ರೇಲರ್ 6,000 ಪೌಂಡ್ ಇದೆ ಎಂದುಕೊಳ್ಳಿ. ಟಂಗ್ ವೇಟ್ ಸುಮಾರು 750, ದಂಪತಿಯ ತೂಕ 330, ಹಿಚ್ಚಿನ ಸಲಕರಣೆ 100, ಡಿಕ್ಕಿಯಲ್ಲಿಡುವ ಕುರ್ಚಿ, ಉಪಕರಣ, ನೀರಿನ ಡಬ್ಬಿ ಇತ್ಯಾದಿ 200 ಎಂದರೆ 1,380 ಪೌಂಡ್ ಆಯಿತು. ಚೀಟಿಯಲ್ಲಿ 1,400 ಎಂದಿರುವ ವಾಹನ ಇಷ್ಟಕ್ಕೇ ತುಂಬಿಹೋಯಿತು, ಅದರ ಎಳೆಯುವ ಸಾಮರ್ಥ್ಯ 9,000 ಪೌಂಡ್ ಎಂದು ಜಾಹೀರಾತು ಹೇಳಿದರೂ ಅಷ್ಟೇ.

ಟ್ರೇಲರ್ ಮಾರುವವರು ಹೇಳುವ ಡ್ರೈ ವೇಟ್‌ನಲ್ಲಿ ನೀರೂ ಇಲ್ಲ, ನಿಮ್ಮ ಪಾತ್ರೆ ಪಗಡೆಗಳೂ ಇಲ್ಲ. ಒಂದು ಗ್ಯಾಲನ್ ನೀರಿಗೆ ಸುಮಾರು 8.3 ಪೌಂಡ್ ತೂಕವಿರುವುದರಿಂದ 40 ಗ್ಯಾಲನ್‌ನ ಟ್ಯಾಂಕ್ ತುಂಬಿದ ಕೂಡಲೇ 330 ಪೌಂಡ್ ಏರುತ್ತದೆ. ಆದ್ದರಿಂದ ಹೊರಡುವ ಮೊದಲು ಎಲ್ಲವನ್ನೂ ತುಂಬಿಸಿ, ಹತ್ತಿರದ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ಟ್ರಕ್ ತೂಗುವ ತಕ್ಕಡಿಯ ಮೇಲೆ ವಾಹನ ಮತ್ತು ಟ್ರೇಲರನ್ನು ಒಟ್ಟಿಗೆ ನಿಲ್ಲಿಸಿ ತೂಗಿಸಿ. ಮುಂದಿನ ಚಕ್ರ, ಹಿಂದಿನ ಚಕ್ರ ಮತ್ತು ಟ್ರೇಲರಿನ ಚಕ್ರಗಳ ಮೇಲಿನ ಭಾರವನ್ನು ಬೇರೆ ಬೇರೆಯಾಗಿ ತೋರಿಸುವ ಚೀಟಿ ಸಿಗುತ್ತದೆ. ಇದಕ್ಕೆ ತಗಲುವ ಖರ್ಚು ಅಲ್ಪ, ಇಡೀ ಪ್ರವಾಸದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಇನ್ನೊಂದಿರಲಿಕ್ಕಿಲ್ಲ. ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಹಿಚ್, ಟ್ರೇಲರಿನ ಬ್ರೇಕನ್ನು ನಿಯಂತ್ರಿಸುವ ಕಂಟ್ರೋಲರ್ ಮತ್ತು ಅಗಲವಾದ ಪಕ್ಕದ ಕನ್ನಡಿಗಳು ಐಚ್ಛಿಕವಲ್ಲ ಎಂದೇ ತಿಳಿಯಬೇಕು. ಟ್ರೇಲರಿನ ಟೈರುಗಳು ಸವೆಯುವ ಮೊದಲೇ ಹಳತಾಗುತ್ತವೆ. ಐದಾರು ವರ್ಷ ದಾಟಿದ್ದರೆ, ನೋಡಲು ಹೊಸದರಂತಿದ್ದರೂ ಬದಲಾಯಿಸಿ. ಬಾಡಿಗೆಗೆ ತರುವವರು ಇನ್ನೊಂದು ಮಾತು ಗಮನಿಸಬೇಕು: ಬಾಡಿಗೆ ಕಾರಿನ ಕಂಪನಿಗಳಲ್ಲಿ ಹೆಚ್ಚಿನವು ತಮ್ಮ ವಾಹನದಿಂದ ಏನನ್ನೂ ಎಳೆಯಲು ಬಿಡುವುದಿಲ್ಲ. ಎಳೆಯಲು ಸ್ವಂತ ವಾಹನವಿಲ್ಲದವರಿಗೆ, ಎಂಜಿನ್ನೂ ಮನೆಯೂ ಒಂದರಲ್ಲೇ ಇರುವ ಮೋಟಾರ್ ಹೋಮ್ ಲೇಸು.

ಇನ್ನು ದಾರಿಯ ವೇಗ. ಟ್ರೇಲರಿಗೆಂದೇ ಮಾಡಿದ ಟೈರುಗಳಲ್ಲಿ ಅನೇಕವಕ್ಕೆ ಗಂಟೆಗೆ 65 ಮೈಲಿಯ ಮಿತಿ ಇರುವುದರಿಂದ, ಫಲಕದಲ್ಲಿ 80 ಎಂದಿದ್ದರೂ 60ರಿಂದ 62ರ ಆಸುಪಾಸಿನಲ್ಲಿ ಹೋಗುವುದೇ ಸರಿ. ಇಂಧನಕ್ಕೆ ನಿಲ್ಲುವುದು, ಊಟ, ಕೈಕಾಲು ಸಡಿಲಿಸುವುದು ಎಲ್ಲ ಸೇರಿದರೆ 250 ಮೈಲಿಗೆ ಆರು ಗಂಟೆ ಬೇಕೇ ಬೇಕು. ಅಲ್ಲಿನ ಆರ್‌ವಿ (ಟ್ರೇಲರ್, ಮೋಟಾರ್ ಹೋಮ್‌ನಂಥ ಮನೆವಾಹನ) ಪ್ರವಾಸಿಗರಲ್ಲಿ ಮೂರರ ಸೂತ್ರವೊಂದು ಪ್ರಚಲಿತವಾಗಿದೆ: ದಿನಕ್ಕೆ 300 ಮೈಲಿ ಮೀರಬಾರದು, ಮಧ್ಯಾಹ್ನ 3 ಗಂಟೆಯೊಳಗೆ ತಂಗುದಾಣ ಸೇರಬೇಕು, ಒಂದು ಕಡೆ 3 ರಾತ್ರಿ ಉಳಿಯಬೇಕು. ಮೊದಲೆರಡನ್ನು ಬಿಗಿಯಾಗಿ ಪಾಲಿಸಿ, ಮೂರನೆಯದನ್ನು ನಿಮ್ಮ ರಜೆಗೆ ತಕ್ಕಂತೆ ಸಡಿಲಿಸಿಕೊಳ್ಳಬಹುದು. ಬೆಳಕಿರುವಾಗಲೇ ತಲುಪುವುದರ ಬೆಲೆ ಅಪರಿಚಿತ ಜಾಗದಲ್ಲಿ ಕತ್ತಲಲ್ಲಿ ಟ್ರೇಲರನ್ನು ಹಿಂದಕ್ಕೆ ತೆಗೆದವರಿಗೆ ಗೊತ್ತು. ಇಂಧನ ಗ್ಯಾಲನ್‌ಗೆ 10 ಮೈಲಿಯಷ್ಟೇ ಸಿಗುತ್ತದೆ ಎಂದು ಲೆಕ್ಕ ಹಾಕಿಕೊಂಡರೆ ಹೋಗಿಬರುವ 6,000 ಮೈಲಿಗೆ 600 ಗ್ಯಾಲನ್ ಆಗುತ್ತದೆ.

ಬೇಸಿಗೆಗೆ ಉತ್ತರದ ದಾರಿಯೇ ನನ್ನ ಆಯ್ಕೆ. ಬಾಸ್ಟನ್‌ನಿಂದ ಸಿಯಾಟಲ್‌ವರೆಗೆ 3,000 ಮೈಲಿಗೂ ಹೆಚ್ಚು ಉದ್ದಕ್ಕೆ ಚಾಚಿರುವ ಅಂತರರಾಜ್ಯ ಹೆದ್ದಾರಿ 90, ದಕ್ಷಿಣದ ಮರುಭೂಮಿಯ ಸೆಖೆಯನ್ನು ತಪ್ಪಿಸುವುದಲ್ಲದೆ, ದಕ್ಷಿಣ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ಎಂಬ ಕೊರಕಲು ನೆಲವನ್ನೂ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನೂ ದಾರಿಯಲ್ಲೇ ಒದಗಿಸುತ್ತದೆ. ಆಗಸ್ಟ್ ಆರಂಭದಲ್ಲಿ ಮಾತ್ರ ಆ ಭಾಗಕ್ಕೆ ಹೋಗಬೇಡಿ. ಸ್ಟರ್ಜಿಸ್‌ನ ಮೋಟಾರ್ ಸೈಕಲ್ ಜಾತ್ರೆಗೆ ಜನ ಕಿಕ್ಕಿರಿದು, ಸುತ್ತಲಿನ ತಂಗುದಾಣಗಳೆಲ್ಲ ಭರ್ತಿಯಾಗಿರುತ್ತವೆ. ವಯೋಮಿಂಗ್‌ನ ಬಫಲೋ ಊರಿನಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕಡೆಗೆ ಬಿಗ್‌ಹಾರ್ನ್ ಬೆಟ್ಟಗಳನ್ನು ದಾಟುವಾಗ ಅಮೆರಿಕ ಹೆದ್ದಾರಿ 16ನ್ನು ಹಿಡಿಯಿರಿ. ಅದು 9,666 ಅಡಿ ಎತ್ತರದ ಪೌಡರ್ ರಿವರ್ ಕಣಿವೆಮಾರ್ಗವನ್ನು ಏರಿ ಇಳಿದರೂ ಇಳಿಜಾರು ಹೋಲಿಕೆಯಲ್ಲಿ ಸೌಮ್ಯವಾಗಿದೆ. ಉತ್ತರದಲ್ಲಿರುವ 14ಎ ಹೆದ್ದಾರಿಯಲ್ಲಿ ಶೇಕಡಾ 10ರಷ್ಟು ಕಡಿದಾದ ಇಳಿಜಾರುಗಳಿದ್ದು, ಟ್ರೇಲರ್ ಕಟ್ಟಿಕೊಂಡವರು ಅತ್ತ ಹೋಗದಿರುವುದೇ ಒಳ್ಳೆಯದು.

ಕಾರಿಗೆ ತೆರೆದಿರುವ ರಸ್ತೆಗಳೆಲ್ಲ ಟ್ರೇಲರಿಗೆ ತೆರೆದಿರುವುದಿಲ್ಲ, ಫೋನಿನ ಸಾಮಾನ್ಯ ನಕ್ಷೆಗೆ ಇದು ತಿಳಿಯುವುದೂ ಇಲ್ಲ. ನ್ಯೂಯಾರ್ಕ್ ಸುತ್ತಲಿನ ಪಾರ್ಕ್‌ವೇ ಎಂಬ ಕಾರು ರಸ್ತೆಗಳಲ್ಲಿ ಸೇತುವೆಗಳು ತಗ್ಗಾಗಿವೆ ಮತ್ತು ಅಲ್ಲಿ ಟ್ರೇಲರುಗಳಿಗೆ ಪ್ರವೇಶವಿಲ್ಲ. ಬಾಲ್ಟಿಮೋರ್‌ನ ಎರಡು ಸುರಂಗಗಳಲ್ಲಿ ಟ್ರೇಲರಿನ ಪ್ರೊಪೇನ್ (ಅಡುಗೆ ಅನಿಲ) ಸಿಲಿಂಡರ್ ಒಯ್ಯುವುದು ನಿಷಿದ್ಧ. ಮೊದಲು ಆ ಸುರಂಗಗಳನ್ನು ತಪ್ಪಿಸಲು ಬಳಸುತ್ತಿದ್ದ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ 2024ರ ಮಾರ್ಚ್‌ನಲ್ಲಿ ಹಡಗು ಬಡಿದು ಕುಸಿದಿದ್ದರಿಂದ, ಈಗ ನಗರದ ಪಶ್ಚಿಮದ ಕಡೆಯಿಂದ 695ರ ವರ್ತುಲ ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕು. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ನಡುಭಾಗಕ್ಕೆ 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ವಾಹನಗಳನ್ನು ಬಿಡುವುದಿಲ್ಲ. ಎಳೆಯುವ ವಾಹನ ಮತ್ತು ಟ್ರೇಲರ್ ಎರಡೂ ಸೇರಿದ ಉದ್ದವೇ ಲೆಕ್ಕಕ್ಕೆ ಬರುವುದರಿಂದ, ಟ್ರೇಲರನ್ನು ತಂಗುದಾಣದಲ್ಲಿ ಬಿಟ್ಟು ಬರೀ ವಾಹನದಲ್ಲಿ ಹೋಗಿಬರುವುದು ಉಪಾಯ. ನಿಮ್ಮ ಟ್ರೇಲರಿನ ಎತ್ತರವನ್ನು, ಮೇಲಿನ ಎಸಿ ಸೇರಿಸಿ, ನೀವೇ ಅಳೆದು ಆ ಅಂಕಿಯನ್ನು ಚಾಲಕನ ಕಣ್ಣೆದುರು ಅಂಟಿಸಿಡಿ.

ಬೆಟ್ಟ ಇಳಿಯುವಾಗ ಇಳಿಜಾರು ಆರಂಭವಾಗುವ ಮೊದಲೇ ಗೇರ್ ತಗ್ಗಿಸಿ ಎಂಜಿನ್ನೇ ವೇಗವನ್ನು ಹಿಡಿಯುವಂತೆ ಮಾಡಬೇಕು. ಕಾಲನ್ನು ಬ್ರೇಕಿನ ಮೇಲೆ ಒತ್ತಿಯೇ ಇಟ್ಟರೆ ಬ್ರೇಕ್ ಕಾದು, ಬೇಕಾದಾಗ ಕೈಕೊಡುತ್ತದೆ. ವಯೋಮಿಂಗ್‌ನ ಬಯಲುಗಾಳಿಗೋ ಪಕ್ಕದಲ್ಲಿ ಹಾದುಹೋದ ದೊಡ್ಡ ಟ್ರಕ್ಕಿನ ಗಾಳಿಗೋ ಟ್ರೇಲರ್ ಅತ್ತಿತ್ತ ಓಲಾಡತೊಡಗಿದರೆ, ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಕಂಟ್ರೋಲರಿನ ಕೈಗುಂಡಿಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಒತ್ತಿ. ವಾಹನದ ಬ್ರೇಕನ್ನು ಜೋರಾಗಿ ತುಳಿಯುವುದು ಅನಾಹುತಕ್ಕೆ ದಾರಿ. ಓಲಾಟ ಮತ್ತೆ ಮತ್ತೆ ಮರುಕಳಿಸಿದರೆ ಟ್ರೇಲರಿನ ಹಿಂಭಾಗಕ್ಕೆ ಹೆಚ್ಚು ಭಾರ ಬಿದ್ದಿದೆ ಎಂದೇ ಸಾಮಾನ್ಯವಾಗಿ ಅರ್ಥ. ಸಾಮಾನನ್ನು ಮುಂದಕ್ಕೆ ಸರಿಸಿ ಮತ್ತೆ ತೂಗಿಸಿ.

ತಂಗುದಾಣಗಳ ಬಗ್ಗೆ ಹೇಳುವುದಾದರೆ, ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ ರಾಷ್ಟ್ರೀಯ ಉದ್ಯಾನಗಳಲ್ಲಿ ಹೋದ ಕೂಡಲೇ ಜಾಗ ಸಿಗುತ್ತದೆ ಎಂದು ನಂಬಬೇಡಿ. ಸರ್ಕಾರದ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಅನೇಕ ಉದ್ಯಾನಗಳ ಜಾಗಗಳು ಆರು ತಿಂಗಳು ಮುಂಚೆ ತೆರೆಯುತ್ತವೆ ಮತ್ತು ಬೇಡಿಕೆಯಿರುವವು ನಿಮಿಷಗಳಲ್ಲಿ ಮುಗಿಯುತ್ತವೆ. ಯೆಲ್ಲೋಸ್ಟೋನ್ ಒಳಗೆ ವಿದ್ಯುತ್, ನೀರು, ಒಳಚರಂಡಿ ಮೂರೂ ಇರುವ ತಂಗುದಾಣ ಫಿಶಿಂಗ್ ಬ್ರಿಜ್ ಒಂದೇ. ಕರಡಿಗಳ ಕಾರಣ ಅಲ್ಲಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಅವಕಾಶ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ವಾರಕ್ಕೆ ಖಾಸಗಿ ತಂಗುದಾಣಗಳನ್ನೂ ಮೊದಲೇ ಕಾದಿರಿಸಬೇಕು, ಉಳಿದ ದಿನಗಳಲ್ಲಿ ಒಂದೆರಡು ದಿನ ಮುಂಚೆ ಫೋನ್ ಮಾಡಿದರೆ ಸಾಕಾಗುತ್ತದೆ. ಪ್ರವೇಶ ಶುಲ್ಕದ ನಿಯಮ 2026ರ ಜನವರಿಯಿಂದ ಬದಲಾಗಿದೆ. ಅಮೆರಿಕದ ನಿವಾಸಿಗಳಿಗೆ ವಾರ್ಷಿಕ ಪಾಸ್ 80 ಡಾಲರ್, ಅನಿವಾಸಿಗಳಿಗೆ 250 ಡಾಲರ್. ಪಾಸ್ ಇಲ್ಲದ ಅನಿವಾಸಿಗಳು ಯೆಲ್ಲೋಸ್ಟೋನ್, ಗ್ಲೇಸಿಯರ್, ಗ್ರ್ಯಾಂಡ್ ಕ್ಯಾನ್ಯನ್ ಮುಂತಾದ 11 ಉದ್ಯಾನಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ತಲಾ 100 ಡಾಲರ್ ತೆರಬೇಕು. ಮಕ್ಕಳನ್ನು ನೋಡಲು ಪ್ರವಾಸಿ ವೀಸಾದಲ್ಲಿ ಬಂದ ಹಿರಿಯ ದಂಪತಿ, 62 ದಾಟಿದವರಿಗಿರುವ ಅಗ್ಗದ ಪಾಸನ್ನು ನೆಚ್ಚಿಕೊಳ್ಳುವಂತಿಲ್ಲ, ಅದು ನಾಗರಿಕರಿಗೆ ಮತ್ತು ಖಾಯಂ ನಿವಾಸಿಗಳಿಗೆ ಮೀಸಲು.

ತಂಗುದಾಣಕ್ಕೆ ಬಂದು ಟ್ರೇಲರನ್ನು ಹಿಂದಕ್ಕೆ ತೆಗೆದುಕೊಳ್ಳುವ ಹತ್ತು ನಿಮಿಷಗಳು ಅನ್ಯೋನ್ಯ ದಾಂಪತ್ಯವನ್ನೂ ಪರೀಕ್ಷಿಸುತ್ತವೆ. ಇದಕ್ಕೆ ಪರಿಹಾರ, ಮನೆ ಬಿಡುವ ಮೊದಲೇ ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗದಲ್ಲಿ ಇಬ್ಬರೂ ಅಭ್ಯಾಸ ಮಾಡುವುದು, ಇಬ್ಬರೂ ಎಂದರೆ ಸರದಿಯ ಮೇಲೆ ಇಬ್ಬರೂ ಓಡಿಸುವುದು. ಸ್ಟೀರಿಂಗಿನ ಕೆಳಭಾಗವನ್ನು ಒಂದು ಕೈಯಲ್ಲಿ ಹಿಡಿದರೆ, ಕೈ ಯಾವ ಕಡೆಗೆ ಸರಿಯುತ್ತದೆಯೋ ಟ್ರೇಲರಿನ ಹಿಂಭಾಗವೂ ಅದೇ ಕಡೆಗೆ ತಿರುಗುತ್ತದೆ. ಕೆಳಗೆ ನಿಂತು ದಾರಿ ತೋರಿಸುವವರು ಸದಾ ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು ಮತ್ತು ಕೂಗುವ ಬದಲು ಫೋನಿನಲ್ಲಿ ಮೆಲ್ಲಗೆ ಮಾತನಾಡಬೇಕು. "ನಿಲ್ಲಿಸು" ಎಂದರೆ ಚರ್ಚೆಯಿಲ್ಲದೆ ನಿಲ್ಲಿಸಬೇಕು, ಕಾರಣ ಆಮೇಲೆ ಕೇಳಬಹುದು. ಕೊನೆಯಲ್ಲಿ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟ ನಂತರವೇ ಹಿಚ್ ಬಿಚ್ಚಿ. ಈ ಕ್ರಮ ತಪ್ಪಿದರೆ ಟ್ರೇಲರ್ ತಾನಾಗಿ ಹೊರಟುಬಿಡುತ್ತದೆ.

ತಂಗುದಾಣದ ವಿದ್ಯುತ್ ಪೆಟ್ಟಿಗೆಯಲ್ಲಿ 30 ಆಂಪ್ ಮತ್ತು 50 ಆಂಪ್ ಎಂಬ ಎರಡು ಬಗೆ ಇರುತ್ತವೆ. ಮೊದಲನೆಯದರಲ್ಲಿ 3,600 ವ್ಯಾಟ್ ಮಾತ್ರ ಸಿಗುವುದರಿಂದ ಎಸಿ ಓಡುತ್ತಿರುವಾಗ ಮೈಕ್ರೋವೇವ್ ಮತ್ತು ವಿದ್ಯುತ್ ಕೆಟಲ್‌ಗಳನ್ನು ಒಟ್ಟಿಗೆ ಹಚ್ಚಿದರೆ ಬ್ರೇಕರ್ ಬೀಳುತ್ತದೆ. ಪೆಟ್ಟಿಗೆ ಮತ್ತು ಟ್ರೇಲರಿನ ನಡುವೆ, ವಿದ್ಯುತ್ ಒಮ್ಮೆಲೇ ಏರಿದರೆ ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಇರಲಿ, ನಲ್ಲಿ ಮತ್ತು ಟ್ರೇಲರಿನ ನಡುವೆ ನೀರಿನ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇರಲಿ. ಶೌಚದ ಟ್ಯಾಂಕಿನ ಕವಾಟವನ್ನು, ಒಳಚರಂಡಿಗೆ ಕೊಳವೆ ಜೋಡಿಸಿದ್ದರೂ, ಮುಚ್ಚಿಯೇ ಇಡಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಪದಾರ್ಥ ತಳದಲ್ಲಿ ಕೂರುತ್ತದೆ. ಮೂರರಲ್ಲಿ ಎರಡು ಪಾಲು ತುಂಬಿದಾಗ ಮೊದಲು ಅದನ್ನು ಖಾಲಿ ಮಾಡಿ, ನಂತರ ಸ್ನಾನ ಮತ್ತು ಪಾತ್ರೆ ತೊಳೆದ ನೀರಿನ ಟ್ಯಾಂಕನ್ನು ಬಿಟ್ಟರೆ ಕೊಳವೆಯೂ ತೊಳೆದಂತಾಗುತ್ತದೆ. ಕೈಗವಸು ಹಾಕಿಕೊಳ್ಳಿ ಎಂದು ಬೇರೆ ಹೇಳಬೇಕಿಲ್ಲ.

ವಿದ್ಯುತ್ ಸಂಪರ್ಕವಿಲ್ಲದ ಕಡೆ ಎಸಿಯನ್ನು ಮಾಮೂಲಿ ಬ್ಯಾಟರಿಯಿಂದ ಓಡಿಸಲಾಗದು. ಆದ್ದರಿಂದ ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರಿ ಬಯಲುಗಳಲ್ಲಿ ಪುಕ್ಕಟೆಯಾಗಿ ತಂಗುವ ಯೋಚನೆಯಿದ್ದರೆ ಎತ್ತರದ ಜಾಗ ಹುಡುಕಿ. ಎರಡೂ ಅರಿಜೋನಾ ರಾಜ್ಯದಲ್ಲೇ ಇದ್ದರೂ ಫೀನಿಕ್ಸ್ ಸುಮಾರು 1,100 ಅಡಿ ಎತ್ತರದಲ್ಲಿ ಕುದಿಯುತ್ತಿರುವಾಗ 7,000 ಅಡಿಯಲ್ಲಿರುವ ಫ್ಲ್ಯಾಗ್‌ಸ್ಟಾಫ್‌ನಲ್ಲಿ ರಾತ್ರಿ ಹೊದಿಕೆ ಬೇಕಾಗುತ್ತದೆ.

ಅಡುಗೆಗೆ ಟ್ರೇಲರಿನ ಪ್ರೊಪೇನ್ ಒಲೆ ಸಾಕು, ಕುಕ್ಕರ್ ಒಂದಿದ್ದರೆ ಅನ್ನ ಸಾರಿಗೆ ಯೋಚನೆಯೇ ಇಲ್ಲ. ಒಗ್ಗರಣೆ ಹಾಕುವಾಗ ಚಾವಣಿಯ ಫ್ಯಾನ್ ಹಚ್ಚಿ ಕಿಟಕಿ ತೆರೆಯಿರಿ, ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯ ಗಂಟೆ ಕೆಲಸ ಮಾಡುತ್ತಿದೆಯೇ ಎಂದು ವಾರಕ್ಕೊಮ್ಮೆ ಗುಂಡಿ ಒತ್ತಿ ನೋಡಿ. ಕರಡಿಗಳಿರುವ ಕಡೆ ತಿಂಡಿಯ ಡಬ್ಬಿಯಾಗಲಿ ತೊಳೆಯದ ಪಾತ್ರೆಯಾಗಲಿ ಹೊರಗಿನ ಮೇಜಿನ ಮೇಲೆ ಉಳಿಯಬಾರದು. ಸೌದೆಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯಬೇಡಿ, ಮರ ಕೊಲ್ಲುವ ಕೀಟಗಳು ಅದರೊಂದಿಗೇ ಪಯಣಿಸುತ್ತವೆ. ಕೊನೆಗೆ ದಕ್ಷಿಣಕ್ಕೆ ತಿರುಗಿ ಕ್ಯಾಲಿಫೋರ್ನಿಯಾಕ್ಕೆ ಹೋಗುವುದಾದರೆ ಗಡಿಯ ಕೃಷಿ ತಪಾಸಣೆಯಲ್ಲಿ ನಿಂಬೆ ಜಾತಿಯ ಹಣ್ಣುಗಳನ್ನೂ ತಾಜಾ ಕರಿಬೇವನ್ನೂ ಕಿತ್ತುಕೊಳ್ಳುವ ಸಾಧ್ಯತೆಯಿದೆ. ಗಡಿ ತಲುಪುವುದರೊಳಗೇ ಅವನ್ನು ಬಳಸಿ ಮುಗಿಸಿ. ಗಡಿ ದಾಟಿದ ಮೇಲೆ, ಟ್ರೇಲರ್ ಎಳೆಯುವವರಿಗೆ ಆ ರಾಜ್ಯದಲ್ಲಿ ಗಂಟೆಗೆ 55 ಮೈಲಿಯೇ ಮಿತಿ ಎಂಬುದನ್ನು ಗಮನದಲ್ಲಿಟ್ಟುಕೊಂಡು ಬಲಗಡೆಯ ಲೇನಿನಲ್ಲೇ ಸಾಗಿ.